ಜಾರಿನಲ್ಲಿ ಇಂಧನ ತಿಳಿಯಾಗಿ ಕಂಡರೆ ಹೆಲಿಕಾಪ್ಟರ್‌ಗೆ ತುಂಬಬಹುದೇ?

ಸೇನೆ ಬಯಲಿನಲ್ಲಿ ಬೀಡುಬಿಟ್ಟಾಗ, ಫಿಲ್ಟರ್ ದಾಟಿ ಬಂದ ಇಂಧನ ಗಾಜಿನ ಜಾರಿನಲ್ಲಿ ತಿಳಿಯಾಗಿದ್ದರೆ ಸಾಲದೇ ಎಂದು ಕೇಳಿದ್ದೀರಿ. ಕೆಲವು ವರ್ಷ ಇದೇ ಕೆಲಸ ಮಾಡಿದವನಾಗಿ ಹೇಳುತ್ತೇನೆ: ಸಾಲದು.

ಬರಿಗಣ್ಣಿಗೆ ಸುಮಾರು 40 ಮೈಕ್ರಾನ್‌ಗಿಂತ ಸಣ್ಣ ಕಣ ಕಾಣುವುದಿಲ್ಲ (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು). ಎಂಜಿನ್ನಿಗೆ ಎಷ್ಟು ಇಂಧನ ಹೋಗಬೇಕೆಂದು ಅಳೆದು ಬಿಡುವ ಕವಾಟಗಳ ಸಂದಿ ಅದಕ್ಕಿಂತ ಎಷ್ಟೋ ಕಿರಿದು. ನಮಗೆ ಕಾಣದ ಧೂಳೇ ಅಲ್ಲಿ ಹೋಗಿ ಸಿಕ್ಕಿಕೊಳ್ಳುತ್ತದೆ. ಅದಕ್ಕೇ ಅಮೆರಿಕದ ಸೇನಾ ಮಾನದಂಡ, ಹೆಲಿಕಾಪ್ಟರ್ ಮತ್ತು ವಿಮಾನಗಳಿಗೆ ಹಾಕುವ ಜೆಪಿ-8 ಇಂಧನದಲ್ಲಿ ಲೀಟರಿಗೆ 1 ಮಿಲಿಗ್ರಾಂಗಿಂತ ಹೆಚ್ಚು ಕಣ ಇರಕೂಡದು ಎನ್ನುತ್ತದೆ. ಅಳೆಯುವುದು ಹೀಗೆ: 0.8 ಮೈಕ್ರಾನ್ ರಂಧ್ರಗಳ ಬಿಳಿ ಬಿಲ್ಲೆಯೊಂದರ ಮೂಲಕ ನಾಲ್ಕೈದು ಲೀಟರ್ ಹರಿಸಿ, ಅದರ ಮೇಲೆ ಉಳಿದದ್ದನ್ನು ತೂಗುತ್ತಾರೆ. ಬಯಲಿನಲ್ಲಿ ಅಂಥ ತಕ್ಕಡಿ ಎಲ್ಲಿಂದ ಬರಬೇಕು? ಬಿಲ್ಲೆಯ ಬಣ್ಣ ನೋಡುತ್ತೇವೆ. ಕೆಂಪಾಗಿದ್ದರೆ ತುಕ್ಕು, ಕಪ್ಪಾಗಿದ್ದರೆ ಮೆದುಗೊಳವೆಯ ರಬ್ಬರ್ ಇರಬಹುದು. ಬಿಳಿಚು ಧೂಳು ಮಾತ್ರ ಬಣ್ಣದಲ್ಲಿ ಸಿಕ್ಕಿಬೀಳದೆ ಮೋಸ ಮಾಡುತ್ತದೆ.

ಕಸ ಸೇರಲು ದಾರಿ ಬಹಳ. ರೆಕ್ಕೆ ತಿರುಗುತ್ತಿರುವಾಗಲೇ ಇಂಧನ ತುಂಬಬೇಕಾದರೆ ಎದ್ದ ಧೂಳೆಲ್ಲ ಮುಚ್ಚಳ ತೆಗೆದಿಟ್ಟ ನಾಝಲ್ ಮೇಲೆ ಕೂರುತ್ತದೆ. ಮೇಲಾಗಿ ಸೀಮೆಎಣ್ಣೆ ಜಾತಿಯ ಈ ಇಂಧನ ಪೆಟ್ರೋಲಿಗಿಂತ ಮಂದ. ಕಣ ತಳಕ್ಕಿಳಿಯಲು ಗಂಟೆಗಟ್ಟಲೆ ಬೇಕು, ಕಾರ್ಯಾಚರಣೆಯ ಮಧ್ಯೆ ಅಷ್ಟು ಪುರುಸೊತ್ತು ಸಿಗುವುದು ಕಡಿಮೆ.

ನೀವು ಕೇಳದೆ ಬಿಟ್ಟದ್ದು ಫಿಲ್ಟರಿನ ಎರಡು ಬದಿಯ ಒತ್ತಡದ ವ್ಯತ್ಯಾಸ ತೋರಿಸುವ ಗೇಜ್. ನನ್ನ ಮಟ್ಟಿಗೆ ಜಾರಿಗಿಂತ ಅದೇ ಮುಖ್ಯ. ಕಸ ಕಟ್ಟಿದಂತೆ ವ್ಯತ್ಯಾಸ ನಿಧಾನವಾಗಿ ಏರಬೇಕು. ಒಮ್ಮೆ ದಿನವೂ ಏರುತ್ತಿದ್ದ ಮುಳ್ಳು, ಪಂಪಿನ ವೇಗ ಅಷ್ಟೇ ಇದ್ದರೂ, ಮಧ್ಯಾಹ್ನ ಥಟ್ಟನೆ ಇಳಿಯಿತು. ಜೊತೆಗಿದ್ದ ಹುಡುಗ "ಸಾರ್, ಫಿಲ್ಟರಿನಲ್ಲಿ ಕಟ್ಟಿದ್ದ ಕಸ ತಾನೇ ಬಿಟ್ಟುಕೊಂಡಿತು" ಎಂದು ಖುಷಿಪಟ್ಟ. ನಾನು ಓಡಿಹೋಗಿ ಪಂಪ್ ನಿಲ್ಲಿಸಿದೆ. ಬಿಚ್ಚಿ ನೋಡಿದರೆ ಒಳಗಿನ ಎಲಿಮೆಂಟ್, ಅಂದರೆ ಕಸ ಹಿಡಿಯುವ ಭಾಗ, ಹೊಲಿಗೆ ಬಿಟ್ಟ ಚೀಲದಂತೆ ಉದ್ದಕ್ಕೂ ಹರಿದಿತ್ತು. ಅದೇ ಹೊತ್ತಿಗೆ ತೆಗೆದಿದ್ದ ಜಾರು ಪಕ್ಕದಲ್ಲೇ ಇತ್ತು, ನೀರಿನಷ್ಟು ತಿಳಿಯಾಗಿ. ಬಿಲ್ಲೆ ಮಾತ್ರ ಕಂದುಗಟ್ಟಿತ್ತು.

ಹೊಸ ಎಲಿಮೆಂಟ್ ಹಾಕಿದ ಮೇಲೂ ಮೊದಲ ಇಂಧನವನ್ನು ಹೆಲಿಕಾಪ್ಟರ್‌ಗೆ ಬಿಡಲಿಲ್ಲ. ಟ್ಯಾಂಕಿಗೇ ಮರಳಿ ಹರಿಸಿ, ಮತ್ತೊಂದು ಬಿಲ್ಲೆ ಬೆಳ್ಳಗೆ ಬಂದ ಮೇಲಷ್ಟೇ ನಾಝಲ್ ಕೊಟ್ಟೆವು.