‘ಕಾಫಿ ಬಿಟ್ಟಿದ್ದೀನಿ ಮೇಡಂ’: ಗರ್ಭಿಣಿಯೊಬ್ಬರ ಕಕಾವೊ ಬಟ್ಟಲು

(ಈ ತಾಯಿಯ ಒಪ್ಪಿಗೆ ಪಡೆದು, ಗುರುತು ಸಿಗಬಹುದಾದ ವಿವರಗಳನ್ನು ಬದಲಿಸಿ ಬರೆದಿದ್ದೇನೆ.)

ಮೊದಲ ಭೇಟಿಯಲ್ಲಿ ನಾನು ಕೇಳಿದ ಪ್ರಶ್ನೆಯೇ ತಪ್ಪಾಗಿತ್ತು.

29 ವಾರದ ಗರ್ಭಿಣಿ, ಮೊದಲ ಬಸಿರು. ರಾತ್ರಿ ನಿದ್ದೆಯಿಲ್ಲ, ಬೆಳಗಿನ ಹೊತ್ತು ಎದೆ ಡವಡವ, ಕಾರಣವಿಲ್ಲದೆ ಅಳು. ಹೆರಿಗೆ ವೈದ್ಯರು ರಕ್ತದೊತ್ತಡ, ಥೈರಾಯ್ಡ್, ಇಸಿಜಿ ಎಲ್ಲ ನೋಡಿ, ಹಿಮೋಗ್ಲೋಬಿನ್ ಸ್ವಲ್ಪ ಕಡಿಮೆ ಇರುವುದು ಬಿಟ್ಟರೆ ಬೇರೇನೂ ಕಾಣದೆ ಮನಸ್ಸಿನ ಸಮಾಲೋಚನೆಗೆಂದು ನನ್ನ ಬಳಿ ಕಳಿಸಿದ್ದರು. ನಿದ್ದೆಯ ದೂರು ಹೇಳಿಕೊಂಡು ಬಂದ ಎಲ್ಲರಿಗೂ ಕೇಳುವಂತೆ, ‘ಕಾಫಿ, ಟೀ ಎಷ್ಟು ಕುಡೀತೀರಿ?’ ಎಂದೆ.

‘ಕಾಫಿ ಬಿಟ್ಟು ನಾಲ್ಕು ತಿಂಗಳಾಯ್ತು ಮೇಡಂ. ಟೀನೂ ಇಲ್ಲ.’ ಮಾತಿನಲ್ಲಿ ಸ್ವಲ್ಪ ಹೆಮ್ಮೆಯೂ ಇತ್ತು. ನಾನು ಆ ಕಾಲಂನಲ್ಲಿ ಸೊನ್ನೆ ಬರೆದು ಮುಂದಕ್ಕೆ ಹೋದೆ. ಎಡಿನ್‌ಬರೋ ಪ್ರಶ್ನಾವಳಿಯಲ್ಲಿ 30ಕ್ಕೆ 17 ಬಂತು. ಹತ್ತು ಪ್ರಶ್ನೆಗಳ ಈ ಪಟ್ಟಿಯನ್ನು 1987ರಿಂದ ಬಾಣಂತಿಯರ ಖಿನ್ನತೆ ಗುರುತಿಸಲು ಬಳಸುತ್ತಾರೆ, ಗರ್ಭಿಣಿಯರಿಗೂ ಹೊಂದುತ್ತದೆ. 13 ಅಥವಾ ಹೆಚ್ಚು ಬಂದರೆ ಸುಮ್ಮನಿರುವಂತಿಲ್ಲ. ಕೊನೆಯ ಪ್ರಶ್ನೆ ತನಗೆ ತಾನೇ ಹಾನಿ ಮಾಡಿಕೊಳ್ಳುವ ಯೋಚನೆಯದು. ಅಲ್ಲಿ ಸೊನ್ನೆ ಇತ್ತು. ಅದನ್ನು ಬಾಯಿಬಿಟ್ಟು ಮತ್ತೊಮ್ಮೆ ಕೇಳಿ ಖಚಿತ ಮಾಡಿಕೊಂಡೆ.

ಎರಡನೇ ಭೇಟಿಗೆ ಗಂಡನೂ ಬಂದರು. ಕುರ್ಚಿಯಲ್ಲಿ ಸರಿಯಾಗಿ ಕೂರುವ ಮೊದಲೇ, ‘ಇವಳು ಆ ಕಕಾವೊ ಕುಡಿಯೋದು ನಿಲ್ಲಿಸಿದ್ರೆ ಎಲ್ಲ ಸರಿಹೋಗುತ್ತೆ. ನೀವಾದ್ರೂ ಹೇಳಿ ಮೇಡಂ’ ಎಂದರು.

‘ಅದೇನು ಸಾರಾಯಿನಾ?’ ಎಂದು ಆಕೆ ಗೋಡೆಯತ್ತ ತಿರುಗಿದರು.

ಆಗ ವಿಷಯ ಹೊರಗೆ ಬಂತು. ಆನ್‌ಲೈನ್‌ನಲ್ಲಿ ಗರ್ಭಿಣಿಯರ ಒಂದು ಕಕಾವೊ ಬಳಗ. ಬೆಳಿಗ್ಗೆ ಎಲ್ಲರೂ ಒಟ್ಟಿಗೆ ಕಣ್ಣುಮುಚ್ಚಿ ಕೂತು, ಕೋಕೋ ಬೀಜವನ್ನು ಅರೆದು ಗಟ್ಟಿ ಮಾಡಿದ ಉಂಡೆಯನ್ನು ಬಿಸಿನೀರಿನಲ್ಲಿ ಕದಡಿ, ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಕುಡಿಯುತ್ತಾರೆ. ಪೊಟ್ಟಣದ ಮೇಲೆ ‘ಸೆರಿಮೋನಿಯಲ್ ಗ್ರೇಡ್’ (ಸಮಾರಂಭದ ದರ್ಜೆ) ಎಂದಿರುತ್ತದೆ. ಹಾಗೆಂದು ಯಾವ ಆಹಾರ ಕಾನೂನೂ ನಿಗದಿ ಮಾಡಿದ ದರ್ಜೆಯಿಲ್ಲ, ಮಾರುವವರೇ ಇಟ್ಟುಕೊಂಡ ಹೆಸರು ಅದು. ಗಂಡ ಒಮ್ಮೆ ಸಿಟ್ಟಿನಲ್ಲಿ ಪೊಟ್ಟಣವನ್ನೇ ಕಸದ ಬುಟ್ಟಿಗೆ ಎಸೆದಿದ್ದರು. ಅಂದಿನಿಂದ ಹೊಸ ಪೊಟ್ಟಣ ಬಟ್ಟೆಗಳ ಹಿಂದೆ ಸೇರಿತು. ಬುಟ್ಟಿಗೆ ಎಸೆದದ್ದರಿಂದ ಆದ ಲಾಭ ಇಷ್ಟೇ: ಆಕೆ ಏನು ಕುಡಿಯುತ್ತಾರೆ, ಎಷ್ಟು ಕುಡಿಯುತ್ತಾರೆ ಎಂದು ಮನೆಯಲ್ಲಿ ಯಾರಿಗೂ ಗೊತ್ತಾಗದಂತಾಯಿತು.

ಗಂಡನನ್ನು ಹೊರಗೆ ಕೂರಲು ಹೇಳಿ, ಬಾಗಿಲು ಹಾಕಿಕೊಂಡು ಕೇಳಿದೆ: ‘ಕಾಫಿ ಅಲ್ಲದೆ ಇನ್ನೇನು ಬಿಟ್ಟಿದ್ದೀರಿ?’

ಸ್ವಲ್ಪ ಹೊತ್ತು ಮಾತಿಲ್ಲ. ‘ಮಾತ್ರೆ’ ಎಂದರು.

ನಾಲ್ಕು ವರ್ಷದಿಂದ ಖಿನ್ನತೆಗೆ ಸರ್ಟ್ರಲೀನ್ ತೆಗೆದುಕೊಳ್ಳುತ್ತಿದ್ದರು. ಬಸಿರಾದಾಗ ಮನೋವೈದ್ಯರು ಮುಂದುವರಿಸಲು ಹೇಳಿದ್ದರು. ಬಳಗ ನಡೆಸುವಾಕೆ, ‘ಮನಸ್ಸಿನ ಮಾತ್ರೆಗೂ ಕಕಾವೊಗೂ ಆಗಿಬರಲ್ಲ’ ಎಂದು ಎಚ್ಚರಿಸಿದ್ದರಂತೆ. ಎಚ್ಚರಿಕೆಯನ್ನು ಈಕೆ ಪಾಲಿಸಿದ್ದು ತಲೆಕೆಳಗಾಗಿ: ಬಟ್ಟಲು ಉಳಿಸಿಕೊಂಡು ಮಾತ್ರೆ ಬಿಟ್ಟರು. ಏಳು ವಾರವಾಗಿತ್ತು. ಯಾರಿಗೂ ಹೇಳಿರಲಿಲ್ಲ.

ಆ ಎಚ್ಚರಿಕೆ ಪೂರಾ ಸುಳ್ಳಲ್ಲ, ಅದೇ ತೊಂದರೆ. ಮೆದುಳಿನ ಎಂಎಒ ಎಂಬ ಕಿಣ್ವವನ್ನು ತಡೆಯುವ ಹಳೆಯ ಬಗೆಯ ಖಿನ್ನತೆ ಮಾತ್ರೆಗಳಿವೆ. ಅವನ್ನು ನುಂಗುವವರಿಗೆ ಊಟತಿಂಡಿಯ ಪಥ್ಯವೇ ಉಂಟು. ಫ್ಲುವೋಕ್ಸಮಿನ್ ಎಂಬ ಇನ್ನೊಂದು ಖಿನ್ನತೆ ಮಾತ್ರೆ ದೇಹದಿಂದ ಕೆಫೀನ್ ಹೊರಹೋಗುವುದನ್ನು ಬಹಳ ನಿಧಾನ ಮಾಡುತ್ತದೆ. ಸರ್ಟ್ರಲೀನ್ ಇವೆರಡರಂತಲ್ಲ. ನಾನು ವೈದ್ಯೆಯಲ್ಲ, ಮಾತ್ರೆ ಬರೆಯುವುದೂ ಬಿಡಿಸುವುದೂ ನನ್ನ ಕೆಲಸವಲ್ಲ. ಆದರೂ ಆ ದಿನ ಒಂದು ಮಾತನ್ನು ಗಟ್ಟಿಯಾಗಿಯೇ ಹೇಳಿದೆ: ‘ಎರಡೂ ಒಟ್ಟಿಗೆ ಆಗಲ್ಲ ಅಂತ ನಿಮಗೆ ಅನುಮಾನ ಬಂದ್ರೆ, ಬಿಡಬೇಕಾದ್ದು ಬಟ್ಟಲು. ಮಾತ್ರೆ ಬಿಡೋ ಮಾತು ಮನೋವೈದ್ಯರ ಎದುರಿಗೆ ಮಾತ್ರ.’ ದಿಢೀರನೆ ಬಿಟ್ಟರೆ ತಲೆಸುತ್ತು, ಚಡಪಡಿಕೆ, ನಿದ್ದೆಗೇಡು ಬರುವುದುಂಟು. ಹಳೆಯ ಖಿನ್ನತೆ ಮರಳುವುದೂ ಉಂಟು. ಆಕೆಯ ಎದುರಿಗೇ ಮನೋವೈದ್ಯರಿಗೂ ಹೆರಿಗೆ ವೈದ್ಯರಿಗೂ ಪತ್ರ ಬರೆದೆ. ಆ ವಾರವೇ ಮಾತ್ರೆ ಮತ್ತೆ ಶುರುವಾಯಿತು.

ಇನ್ನು ಬಟ್ಟಲಿನ ಲೆಕ್ಕ. ‘ಒಂದು ಬಟ್ಟಲು’ ಎಂದರೆ ಎಷ್ಟು ಎಂದು ಕೇಳಿದರೆ ಆಕೆಗೆ ಗೊತ್ತಿರಲಿಲ್ಲ. ಅಡುಗೆಮನೆಯ ತಕ್ಕಡಿಯಲ್ಲಿ ಮೂರು ದಿನ ತೂಗಿ ಬರೆದುಕೊಂಡು ಬನ್ನಿ ಎಂದೆ. ಬೆಳಿಗ್ಗೆ 40 ಗ್ರಾಂ, ಸಂಜೆ ಬೇಸರವಾದಾಗ ಇನ್ನೊಂದು 20. ದಿನಕ್ಕೆ 60 ಗ್ರಾಂ.

ನಾನು ಕೆಫೀನನ್ನೇ ಕಳ್ಳನೆಂದುಕೊಂಡಿದ್ದೆ, ಲೆಕ್ಕ ಒಪ್ಪಲಿಲ್ಲ. ಸಕ್ಕರೆ ಬೆರೆಸದ ಕೋಕೋ ಗಟ್ಟಿಯಲ್ಲಿ 100 ಗ್ರಾಮಿಗೆ ಸುಮಾರು 80 ಮಿಲಿಗ್ರಾಂ ಕೆಫೀನ್ ಇರುತ್ತದೆ, ತಳಿಯ ಮೇಲೆ ಹೆಚ್ಚುಕಡಿಮೆಯಾಗುತ್ತದೆ. 60 ಗ್ರಾಮಿಗೆ 50ರ ಆಸುಪಾಸು. ಗರ್ಭಿಣಿಯರು ದಿನಕ್ಕೆ 200 ಮಿಲಿಗ್ರಾಂ ದಾಟಬಾರದು ಎಂಬುದು ಅಮೆರಿಕದ ಪ್ರಸೂತಿ ತಜ್ಞರ ಕಾಲೇಜೂ ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರವೂ ಹೇಳುವ ಮಿತಿ. ಅದರೊಳಗೇ ಇದ್ದಾರೆ. ಆದರೆ ಆ ಮಿತಿ ಕೆಫೀನಿಗೆ ಮಾತ್ರ. ಕೋಕೋದಲ್ಲಿ ಅದರ ದಾಯಾದಿ ಥಿಯೋಬ್ರೋಮಿನ್ ಸುಮಾರು ಹದಿನಾರು ಪಟ್ಟು ಇರುತ್ತದೆ. ಈಕೆಯ ಪಾಲಿಗೆ ದಿನಕ್ಕೆ ಸುಮಾರು 780 ಮಿಲಿಗ್ರಾಂ. ಕಾಫಿಯಷ್ಟು ಚುರುಕಿನದಲ್ಲ, ಆದರೆ ಹೆಚ್ಚಾದರೆ ಎದೆಬಡಿತ ಏರಿಸುತ್ತದೆ, ಬೇಗ ಇಳಿಯುವುದೂ ಇಲ್ಲ. ಕೆಫೀನಿನ ವೇಗವೂ ಬಸುರಿನಲ್ಲಿ ಬದಲಾಗುತ್ತದೆ. ಬೇರೆ ಸಮಯದಲ್ಲಿ ಐದು ಗಂಟೆಯಲ್ಲಿ ಅರ್ಧಕ್ಕಿಳಿಯುವುದು ಕೊನೆಯ ಮೂರು ತಿಂಗಳಲ್ಲಿ ಹದಿನೈದು ಗಂಟೆಯವರೆಗೂ ಎಳೆಯಬಹುದು. ಸಂಜೆಯ 20 ಗ್ರಾಂ ನಡುರಾತ್ರಿಯಲ್ಲೂ ಮೈಯಲ್ಲೇ ಇರುತ್ತಿತ್ತು.

ನನಗೆ ಇದಕ್ಕಿಂತ ಹೆಚ್ಚು ಕಳವಳ ತಂದದ್ದು ಕ್ಯಾಡ್ಮಿಯಂ ಎಂಬ ವಿಷಕಾರಿ ಲೋಹ. ಕೋಕೋ ಮರ ಅದನ್ನು ಮಣ್ಣಿನಿಂದ ಹೀರಿ ಬೀಜಕ್ಕೆ ತುಂಬುತ್ತದೆ. ಲ್ಯಾಟಿನ್ ಅಮೆರಿಕದ ಕೆಲವು ಕಡೆಯ ಮಣ್ಣಿನಲ್ಲಿ ಹೆಚ್ಚು, ಸೆರಿಮೋನಿಯಲ್ ಎಂದು ಬರುವ ಬಹುಪಾಲು ಅಲ್ಲಿಯದೇ. ಅರ್ಧಕ್ಕಿಂತ ಹೆಚ್ಚು ಕೋಕೋ ಇರುವ ಚಾಕೊಲೇಟಿಗೆ ಯುರೋಪ್ 2019ರಿಂದ ಕಿಲೋಗೆ 0.8 ಮಿಲಿಗ್ರಾಂ ಮಿತಿ ಹಾಕಿದೆ. ಆ ಅಂಚಿನಲ್ಲಿರುವ ಸರಕನ್ನು ದಿನಕ್ಕೆ 60 ಗ್ರಾಮಿನಂತೆ ಕುಡಿದರೆ ವಾರಕ್ಕೆ 336 ಮೈಕ್ರೋಗ್ರಾಂ ಒಳಗೆ ಹೋಗುತ್ತದೆ. 62 ಕಿಲೋ ತೂಕದವರಿಗೆ ಆಹಾರದಿಂದೆಲ್ಲ ಸೇರಿ ವಾರಕ್ಕೆ 155 ಮೈಕ್ರೋಗ್ರಾಂ ದಾಟಬಾರದು ಎನ್ನುತ್ತದೆ ಯುರೋಪಿನ ಅದೇ ಆಹಾರ ಸುರಕ್ಷತಾ ಪ್ರಾಧಿಕಾರ. ಅಪರೂಪಕ್ಕೊಂದು ತುಂಡು ತಿನ್ನುವವರಿಗೆಂದು ಹಾಕಿದ ಮಿತಿ ದಿನವೂ ಬಟ್ಟಲು ತುಂಬಿಸುವವರನ್ನು ಕಾಯುವುದಿಲ್ಲ. ಸಾಲದ್ದಕ್ಕೆ, ಕಬ್ಬಿಣಾಂಶ ಕೊರತೆಯಿರುವ ದೇಹ ಕ್ಯಾಡ್ಮಿಯಮ್ಮನ್ನು ಇನ್ನೂ ಹೆಚ್ಚಾಗಿ ಹೀರಿಕೊಳ್ಳುತ್ತದೆ. ಈಕೆಗಿದ್ದದ್ದೇ ಆ ಕೊರತೆ.

‘ಕಕಾವೊದಲ್ಲಿ ಕಬ್ಬಿಣ ತುಂಬಾ ಇದೆಯಂತಲ್ಲ ಮೇಡಂ?’ ಎಂದರು. ಇದೆ, ಕಾಗದದ ಮೇಲೆ. ಅದರೊಳಗಿನ ಒಗರು ವಸ್ತುಗಳಾದ ಪಾಲಿಫಿನಾಲ್‌ಗಳೇ ಆ ಕಬ್ಬಿಣ ಮೈಗೆ ಹತ್ತದಂತೆ ತಡೆಯುತ್ತವೆ. ಈಕೆ ಕಬ್ಬಿಣದ ಮಾತ್ರೆಯನ್ನೂ ಬೆಳಗಿನ ಆ ಬಟ್ಟಲಿನ ಜೊತೆಗೇ ನುಂಗುತ್ತಿದ್ದರು. ಹಿಮೋಗ್ಲೋಬಿನ್ ಏಕೆ ಏರುತ್ತಿಲ್ಲ ಎಂಬ ವೈದ್ಯರ ತಲೆನೋವಿಗೆ ಒಂದು ಕಾರಣವಂತೂ ಸಿಕ್ಕಿತು.

ಬಳಗದ ಬೇರೆ ಮಾತುಗಳನ್ನೂ ಆಕೆ ಒಂದೊಂದಾಗಿ ತಂದರು. ಬಸುರಿನ ನಂಜು (ರಕ್ತದೊತ್ತಡ ಏರುವ ಪ್ರಿಎಕ್ಲಾಂಪ್ಸಿಯಾ) ತಡೆಯುತ್ತದೆಯಂತೆ. ಕೆನಡಾದ ಕ್ವಿಬೆಕ್‌ನಲ್ಲಿ 129 ಗರ್ಭಿಣಿಯರಿಗೆ ಹನ್ನೆರಡು ವಾರ ಚಾಕೊಲೇಟ್ ಕೊಟ್ಟು ನೋಡಿದ್ದಾರೆ, 2016ರಲ್ಲಿ ಫಲಿತಾಂಶ ಬಂತು: ಫ್ಲೇವನಾಲ್ (ಕೋಕೋದಲ್ಲಿರುವ ಒಂದು ಬಗೆಯ ಪಾಲಿಫಿನಾಲ್) ಹೆಚ್ಚಿದ್ದದ್ದಕ್ಕೂ ಕಡಿಮೆಯಿದ್ದದ್ದಕ್ಕೂ ಆ ವಿಷಯದಲ್ಲಿ ಅಂತರ ಕಾಣಲಿಲ್ಲ. ಮಧ್ಯ ಅಮೆರಿಕದ ಪ್ರಾಚೀನ ಮಾಯಾ ಜನಾಂಗದ ತಾಯಂದಿರು ಹೀಗೇ ಕುಡಿಯುತ್ತಿದ್ದರಂತೆ. ಮಾಯಾ ಜನ ಕಕಾವೊ ಕುಡಿಯುತ್ತಿದ್ದದ್ದು ನಿಜ. ಗ್ವಾಟೆಮಾಲಾದ ರಿಯೋ ಅಸುಲ್‌ನ ಸಮಾಧಿಯಲ್ಲಿ ಸಿಕ್ಕ ಪಾತ್ರೆಯ ಮೇಲೆ ಅದರ ಹೆಸರೇ ಬರೆದಿತ್ತು, ತಳದಲ್ಲಿ ಥಿಯೋಬ್ರೋಮಿನ್ ಸಿಕ್ಕಿತು. ಮಕ್ಕಳ ಸಂಸ್ಕಾರದಲ್ಲೂ ಕಕಾವೊ ಬೆರೆತ ನೀರು ಬಳಸುತ್ತಿದ್ದರೆಂದು 16ನೇ ಶತಮಾನದ ಪಾದ್ರಿ ಡಿಯೆಗೋ ದೆ ಲಾಂಡಾ ಬರೆದಿದ್ದಾನೆ. ಅದು ಹಚ್ಚಿದ್ದು, ಕುಡಿಸಿದ್ದಲ್ಲ. ಗ್ರಾಂ ಲೆಕ್ಕದಲ್ಲಿ ಕುಡಿದು ‘ಹೃದಯ ತೆರೆಯುವ’ ಈಗಿನ ಕೂಟ ರೂಪುಗೊಂಡದ್ದು ಕೆಲವೇ ದಶಕಗಳ ಈಚೆ. ‘ಆನಂದಮೈಡ್ ಇದೆಯಂತೆ ಅದರಲ್ಲಿ’ ಎಂದಾಗ ನನಗೂ ನಗು ಬಂತು. 1992ರಲ್ಲಿ ಮೆದುಳಿನಲ್ಲಿ ಆ ವಸ್ತುವನ್ನು ಗುರುತಿಸಿದವರು ನಮ್ಮ ‘ಆನಂದ’ ಶಬ್ದದಿಂದಲೇ ಹೆಸರಿಟ್ಟದ್ದು ಹೌದು. ಕೋಕೋದಲ್ಲಿ ಇರುವುದು ಮಾತ್ರ ಅತ್ಯಲ್ಪ.

‘ಹಾಗಾದ್ರೆ ನನಗೆ ಅಲ್ಲಿ ಸಿಗ್ತಿದ್ದ ಸಮಾಧಾನ ಸುಳ್ಳಾ?’

ಈ ಪ್ರಶ್ನೆಗೆ ನಾನು ಲೆಕ್ಕದಿಂದ ಉತ್ತರಿಸಲಿಲ್ಲ. ಬೆಳಗ್ಗೆ ಆ ಇಪ್ಪತ್ತೈದು ನಿಮಿಷ ಏನೇನಾಗುತ್ತದೆ ಹೇಳಿ ಎಂದೆ. ಫೋನ್ ದೂರ ಇಟ್ಟು ಕೂರುತ್ತಾರೆ. ಯಾರೂ ‘ಮಗು ಹೇಗಿದೆ’ ಎನ್ನುವುದಿಲ್ಲ, ‘ನೀವು ಹೇಗಿದ್ದೀರಿ’ ಎನ್ನುತ್ತಾರೆ. ಉಳಿದ ದಿನವೆಲ್ಲ ಆಕೆ ಹೊಟ್ಟೆಯನ್ನು ಹೊತ್ತ ಮನುಷ್ಯೆ, ಅಷ್ಟೇ. ಆ ಕೂರುವುದನ್ನು ಕಿತ್ತುಕೊಳ್ಳುವ ಹಕ್ಕು ನನಗಿರಲಿಲ್ಲ. ಕೂರಿ, ಬಟ್ಟಲಿನಲ್ಲಿ ಬೇರೇನಾದರೂ ಇರಲಿ ಎಂದೆ. ‘ಬಿಸಿನೀರು ಹಿಡ್ಕೊಂಡು ಕೂತ್ರೆ ಅದ್ಯಾವ ಸಮಾರಂಭ ಮೇಡಂ?’ ಎಂದರು. ಒಂದು ವಾರ ಮಾಡಿ ನೋಡಿ ಬೈಯಿರಿ ಎಂದೆ.

ಆಗ ಕೊಟ್ಟ ಸಲಹೆ ಹೀಗಿತ್ತು. ಸಂಜೆಯದು ಅಂದೇ ಬಂದ್. ಬೆಳಗಿನದು 15 ಗ್ರಾಮಿಗೆ ಇಳಿಯಲಿ, ಅದೂ ವಾರಕ್ಕೆ ಎರಡು ಸಲ, ತೂಗಿಯೇ. ಕಬ್ಬಿಣದ ಮಾತ್ರೆಗೂ ಅದಕ್ಕೂ ಎರಡು ಗಂಟೆ ಅಂತರ. ಆ ಸರಕಿನ ಕ್ಯಾಡ್ಮಿಯಂ, ಸೀಸದ ಪರೀಕ್ಷಾ ವರದಿ ಕೇಳಿ; ‘ನಮ್ಮದು ಶುದ್ಧ, ನೈಸರ್ಗಿಕ’ ಎಂಬುದು ವರದಿಯಲ್ಲ. ಎದೆ ಡವಡವ ಕಡಿಮೆಯಾಗದಿದ್ದರೆ, ತಲೆನೋವು, ಕಣ್ಣು ಮಂಜು, ಮುಖ ಊದುವುದು ಕಂಡರೆ ಮುಂದಿನ ಭೇಟಿಗೆ ಕಾಯದೆ ಆಸ್ಪತ್ರೆ. 32ನೇ ವಾರದಲ್ಲಿ ಹೆರಿಗೆ ವೈದ್ಯರು ಅದನ್ನೂ ಪೂರ್ತಿ ನಿಲ್ಲಿಸಿದರು. ಗರ್ಭದಲ್ಲಿ ಮಗುವಿನ ಹೃದಯದ ಹತ್ತಿರ ಹುಟ್ಟುವವರೆಗೆ ತೆರೆದೇ ಇರಬೇಕಾದ ಒಂದು ರಕ್ತನಾಳವಿದೆ. ಕೊನೆಯ ತಿಂಗಳುಗಳಲ್ಲಿ ತಾಯಿ ಪಾಲಿಫಿನಾಲ್ ತುಂಬಿದ ಆಹಾರ ಬಹಳ ಸೇವಿಸಿದರೆ ಅದು ಕಿರಿದಾಗಬಹುದೆಂದು ಬ್ರೆಜಿಲ್‌ನ ಭ್ರೂಣ ಹೃದಯತಜ್ಞರು ವರದಿ ಮಾಡಿದ್ದಾರೆ. ಅಧ್ಯಯನಗಳು ಚಿಕ್ಕವು. ಆದರೆ ಎಂಟು ವಾರ ಬಿಟ್ಟರೆ ಕಳೆದುಕೊಳ್ಳುವುದೇನೂ ಇಲ್ಲ.

ಗಂಡನ ಜೊತೆ ಪ್ರತ್ಯೇಕವಾಗಿ ಒಂದು ಸಲ ಕೂತೆ. ಅವರಿಗಿದ್ದದ್ದು ಭಯ, ಹೊರಗೆ ಬರುತ್ತಿದ್ದದ್ದು ಸಿಟ್ಟು. ಮಾತ್ರೆ ಬಿಟ್ಟದ್ದು ತಿಳಿದು ಬಹಳ ಹೊತ್ತು ಮಾತಾಡಲಿಲ್ಲ. ಇನ್ನು ಮುಂದೆ ಏನನ್ನೂ ಎಸೆಯುವುದಿಲ್ಲ ಎಂಬುದೊಂದೇ ನಾನು ಅವರಿಂದ ಕೇಳಿದ ಮಾತು.

ಹೆರಿಗೆ ಸುಸೂತ್ರವಾಯಿತು. ಮಗುವಿಗೆ ಆರು ವಾರವಾದಾಗ ಮತ್ತೆ ಬಂದರು, ಈ ಸಲ ಕಣ್ಣು ಬಾತಿತ್ತು. ಸಂಜೆಯಾದರೆ ಮಗು ಬಿಡದೆ ಅಳುತ್ತದೆ, ‘ನನ್ನ ಹಾಲೇ ಇದಕ್ಕೆ ಆಗ್ತಿಲ್ಲ, ಡಬ್ಬಿ ಹಾಲು ಕೊಟ್ಟುಬಿಡ್ಲಾ?’ ಎಂದರು. ಬಳಗದಲ್ಲಿ ಬಾಣಂತಿಯರ ತಂಡವೂ ಇತ್ತು. ಹಾಲು ಹೆಚ್ಚುತ್ತದೆ ಎಂಬ ಮಾತು ಕೇಳಿ ಮೂರನೇ ವಾರದಿಂದ 35 ಗ್ರಾಂ ಶುರು ಮಾಡಿದ್ದರು. ಈ ಸಲ ಮುಚ್ಚಿಡಲಿಲ್ಲ, ತಾವೇ ಹೇಳಿದರು. ನನಗೆ ಅಷ್ಟೇ ಸಾಕಿತ್ತು.

ಕೆಫೀನೂ ಥಿಯೋಬ್ರೋಮಿನೂ ಎದೆಹಾಲಿಗೆ ಇಳಿಯುತ್ತವೆ, ಅಳತೆ ಕಡಿಮೆ. ಕಷ್ಟ ಬೇರೆ ಕಡೆ ಇದೆ: ದೊಡ್ಡವರಲ್ಲಿ ಗಂಟೆಗಳಲ್ಲಿ ಇಳಿಯುವ ಕೆಫೀನ್ ಹಸುಗೂಸಿನಲ್ಲಿ ಅರ್ಧವಾಗಲು ಮೂರು ನಾಲ್ಕು ದಿನ ಬೇಕಾಗಬಹುದು. ನಿನ್ನೆಯದು ಕರಗುವ ಮೊದಲೇ ಇಂದಿನದು ಸೇರುತ್ತದೆ. ಹಾಲೂಡಿಸುವುದನ್ನು ನಿಲ್ಲಿಸಬೇಡಿ, ಹತ್ತು ದಿನ ಬಟ್ಟಲು ನಿಲ್ಲಿಸಿ, ಮಗು ಅತ್ತ ಹೊತ್ತನ್ನು ಬರೆದಿಡಿ, ಮಕ್ಕಳ ವೈದ್ಯರಿಗೂ ತೋರಿಸಿ ಎಂದೆ. ಹತ್ತು ದಿನದ ಮೇಲೆ ಅಳು ಕಡಿಮೆಯಾಗಿತ್ತು. ಅದು ಕಕಾವೊ ಬಿಟ್ಟದ್ದರಿಂದಲೇ ಎಂದು ನಾನು ಹೇಳುವುದಿಲ್ಲ. ಮಕ್ಕಳ ಅಳು ಆರನೇ ವಾರದ ಸುಮಾರಿಗೆ ತುದಿ ಮುಟ್ಟಿ ತಾನಾಗಿ ಇಳಿಯುವುದೂ ಇದೆ. ಹಾಲಿನ ಮೇಲಿದ್ದ ಅನುಮಾನ ಹೋಯಿತು, ಅದು ದೊಡ್ಡದು.

ಗಂಡನಿಗೆ ಒಂದು ಚೀಟಿ ಬರೆದುಕೊಟ್ಟೆ. ಬಾಣಂತಿಗೆ ನಿದ್ದೆಯೇ ಬೇಡವೆನಿಸಿ ಉತ್ಸಾಹ ಉಕ್ಕುವುದು, ಮಾತು ಹಿಡಿತ ತಪ್ಪಿ ಓಡುವುದು, ಮಗುವಿನ ಬಗ್ಗೆ ವಿಚಿತ್ರ ನಂಬಿಕೆ ಬರುವುದು, ಇದನ್ನು ಯಾರಾದರೂ ‘ಶಕ್ತಿ ತೆರೆದುಕೊಳ್ಳುತ್ತಿದೆ’ ಎಂದರೆ ಕೇಳಬೇಡಿ, ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ ಎಂದು. ಆ ಚೀಟಿ ಬಳಸುವ ಸಂದರ್ಭ ಬರಲಿಲ್ಲ.

ಮಗುವಿಗೆ ನಾಲ್ಕು ತಿಂಗಳಾದಾಗ ಎಡಿನ್‌ಬರೋ ಅಂಕ 7. ಮಾತ್ರೆ ಮುಂದುವರಿದಿದೆ, ಹಾಲೂಡಿಸುವ ತಾಯಂದಿರಿಗೆ ಮನೋವೈದ್ಯರು ಮೊದಲು ಯೋಚಿಸುವ ಮಾತ್ರೆಗಳಲ್ಲಿ ಅದೂ ಒಂದು. ನನ್ನ ಪ್ರಶ್ನೆಗಳ ನಮೂನೆಯಲ್ಲಿ ‘ಕಾಫಿ/ಟೀ’ ಕಾಲಂ ಈಗಿಲ್ಲ, ‘ಬೆಳಗಿನಿಂದ ರಾತ್ರಿವರೆಗೆ ಏನೇನು ಕುಡಿಯುತ್ತೀರಿ, ಏನನ್ನು ಹೊಸದಾಗಿ ಬಿಟ್ಟಿದ್ದೀರಿ’ ಎಂದಿದೆ. ಆಕೆ ಭಾನುವಾರ 15 ಗ್ರಾಂ ತೂಗಿ ಕುಡಿಯುತ್ತಾರೆ, ಮಗುವಿಗೆ ಹಾಲು ಕುಡಿಸಿದ ಮೇಲೆ. ಉಳಿದ ದಿನ ಬಿಸಿನೀರು. ಬೈದರಾ ಎಂದು ಕೇಳಿದರೆ, ಮೊದಲ ವಾರ ಬೈದಿದ್ದರಂತೆ.