ಬ್ಯಾಗಲ್ಲಿ ತಿನ್ನೋದು ಇದ್ರೆ ಇದೆ ಅಂತ ಹೇಳ್ಬಿಡಿ: ಓದುಗರ ಪ್ರಶ್ನೆ, ನಮ್ಮ ಉತ್ತರ

ವಿಮಾನ ಪ್ರಯಾಣದ ಬಗ್ಗೆ ಏನಾದ್ರೂ ಕೇಳೋದಿದ್ರೆ ಬರೀರಿ ಅಂತ ಕಳೆದ ಸಲ ಹೇಳಿದ್ವಿ. ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯದ ಮೇಲೆ, ಊಟ ತಿಂಡಿ ತಗೊಂಡು ಬೇರೆ ದೇಶಕ್ಕೆ ಹೋದ್ರೆ ಏನಾಗತ್ತೆ, ಯಾವುದು ಬಿಡ್ತಾರೆ, ಯಾವುದು ಕಿತ್ಕೋತಾರೆ. ಹಾಗಾಗಿ ಈ ಸಲ ಪೂರ್ತಿ ಅಂಕಣ ಅದಕ್ಕೇ ಮೀಸಲು.

ಪ್ರಶ್ನೆ: ಮೇಡಂ, ಫ್ಲೈಟಲ್ಲಿ ಕೊಟ್ಟ ಹಣ್ಣನ್ನ ಆಮೇಲೆ ತಿನ್ನೋಣ ಅಂತ ಹ್ಯಾಂಡ್‌ಬ್ಯಾಗಿಗೆ ಹಾಕ್ಕೊಂಡಿದ್ದೆ. ಇಳಿದ ಮೇಲೆ ಚೆಕಿಂಗ್‌ನಲ್ಲಿ ಅದನ್ನ ಹೊರಗೆ ತೆಗೆದು ಚೆನ್ನಾಗಿ ಬೈದ್ರು, ಪುಣ್ಯಕ್ಕೆ ಫೈನ್ ಹಾಕಲಿಲ್ಲ. ಕೊಟ್ಟಿದ್ದು ಅವ್ರು, ತಪ್ಪು ನಂದು ಹೇಗಾಗತ್ತೆ?

ಉತ್ತರ: ನಿಮ್ಮ ಸಿಟ್ಟು ನ್ಯಾಯವಾದದ್ದೇ, ಆದ್ರೆ ಕಾನೂನು ನಿಮ್ಮ ಕಡೆ ಇಲ್ಲ. 2018ರಲ್ಲಿ ಪ್ಯಾರಿಸ್‌ನಿಂದ ಅಮೆರಿಕಕ್ಕೆ ಹೋದ ಒಬ್ಬ ಮಹಿಳೆಗೆ ಹೀಗೇ ಆಯ್ತು, ವಿಮಾನದಲ್ಲಿ ಕವರಲ್ಲಿ ಹಾಕಿ ಕೊಟ್ಟಿದ್ದ ಸೇಬನ್ನ ತಿನ್ನದೆ ಬ್ಯಾಗಲ್ಲಿ ಇಟ್ಕೊಂಡಿದ್ರು, ಮಿನಿಯಾಪೊಲಿಸ್‌ನಲ್ಲಿ ಇಳಿದಾಗ ಡಿಕ್ಲೇರ್ ಮಾಡಿರ್ಲಿಲ್ಲ, ಅಂದ್ರೆ ಬ್ಯಾಗಲ್ಲಿ ತಿನ್ನೋದು ಇದೆ ಅಂತ ಅಧಿಕಾರಿಗಳಿಗೆ ಹೇಳಿರ್ಲಿಲ್ಲ, 500 ಡಾಲರ್ ದಂಡ ಬಿತ್ತು. ಅವರೂ ನಿಮ್ಮ ಹಾಗೇ ಕೇಳಿದ್ರು, ಕೊಟ್ಟಿದ್ದು ಏರ್‌ಲೈನ್ ಅಲ್ವಾ ಅಂತ. ಆದ್ರೆ ವಿಮಾನದಿಂದ ಇಳಿಯೋವಾಗ ಅದು ಯಾರ ಕೈಲಿ ಇದೆಯೋ ಅವರದ್ದೇ ಜವಾಬ್ದಾರಿ ಅನ್ನೋದು ಎಲ್ಲಾ ಕಡೆ ನಡೆಯೋ ನಿಯಮ.

ಒಂದು ಸೇಬಿಗೆ ಇಷ್ಟೆಲ್ಲಾನಾ ಅನ್ಸತ್ತೆ. ಹಣ್ಣಿನ ನೊಣ ಹಣ್ಣಿನ ಸಿಪ್ಪೆ ಒಳಗೆ ಮೊಟ್ಟೆ ಇಡತ್ತೆ, ಹೊರಗಿಂದ ನೋಡಿದ್ರೆ ಹಣ್ಣು ಫ್ರೆಶ್ ಆಗೇ ಕಾಣತ್ತೆ, ಒಳಗೆ ಹುಳ ಬೆಳೀತಿರತ್ತೆ. ಮೆಡಿಟರೇನಿಯನ್ ಹಣ್ಣಿನ ನೊಣ ಒಂದೇ 200ಕ್ಕೂ ಹೆಚ್ಚು ಬಗೆಯ ಹಣ್ಣು ತರಕಾರಿ ಹಾಳು ಮಾಡತ್ತೆ. 1981ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಇದನ್ನ ತಡೆಯೋಕೆ ಜನ ವಾಸ ಮಾಡೋ ಜಾಗದ ಮೇಲೇನೇ ಹೆಲಿಕಾಪ್ಟರ್‌ಗಳಿಂದ ಮ್ಯಾಲಥಿಯಾನ್ ಅನ್ನೋ ಕೀಟನಾಶಕ ಸಿಂಪಡಿಸ್ಬೇಕಾಯ್ತು. ತಿಂದು ಉಳಿದದ್ದನ್ನ ಎಲ್ಲೋ ಒಂದು ಕಡೆ ಬಿಸಾಕಿದ್ರೆ ಸಾಕು, ಹುಳ ಅಲ್ಲಿಂದ ಮುಂದಿನ ಕೆಲಸ ತಾನೇ ನೋಡ್ಕೊಳತ್ತೆ. ಹಾಗಾಗಿ ವಿಮಾನದಲ್ಲಿ ಕೊಟ್ಟಿದ್ದನ್ನ ಅಲ್ಲೇ ತಿನ್ನಿ, ಇಲ್ಲಾಂದ್ರೆ ಸೀಟಲ್ಲೇ ಬಿಟ್ಟು ಬನ್ನಿ. ಅಲ್ಲಿ ಉಳಿದ ಊಟವನ್ನ ಎಷ್ಟೋ ದೇಶಗಳಲ್ಲಿ ಬೇರೆ ಕಸದ ಜೊತೆ ಸೇರಿಸೋದೇ ಇಲ್ಲ, ಪ್ರತ್ಯೇಕವಾಗಿ ಸುಟ್ಟೋ ಬಿಸಿ ಹಾಯಿಸಿಯೋ ನಾಶ ಮಾಡ್ತಾರೆ.

ಇಷ್ಟು ಹೇಳಿದ ಮೇಲೂ ಏರ್‌ಲೈನ್‌ನೋರ ಮೇಲೆ ನನಗೊಂದು ಆಕ್ಷೇಪ ಇದ್ದೇ ಇದೆ. ಹಣ್ಣು ಕೊಡೋ ಹೊತ್ತಿಗೇ "ಇದನ್ನ ಹೊರಗೆ ತಗೊಂಡು ಹೋಗಬೇಡಿ" ಅಂತ ಒಂದು ಮಾತು ಹೇಳೋಕೆ ಏನು ಕಷ್ಟ? ಲ್ಯಾಂಡಿಂಗ್‌ಗೆ ಮುಂಚೆ ಅರ್ಧ ನಿದ್ದೆಲಿರೋ ಜನಕ್ಕೆ ಮೈಕಲ್ಲಿ ಗಡಿಬಿಡಿಯಾಗಿ ಹೇಳಿದ್ರೆ ಯಾರಿಗೆ ಕೇಳ್ಸತ್ತೆ.

ಪ್ರಶ್ನೆ: ಸೆಕ್ಯೂರಿಟಿ ಚೆಕ್ ಪಾಸ್ ಆಗಿದೆ, ಏರ್‌ಪೋರ್ಟ್ ಒಳಗಿನ ಅಂಗಡಿಲೇ ತಗೊಂಡಿದ್ದು, ಸೀಲ್ ಕೂಡ ಒಡೆದಿಲ್ಲ. ಮತ್ತೆ ಅಲ್ಲಿ ಇಳಿದ ಮೇಲೆ ಹೇಗೆ ತಡೀತಾರೆ?

ಉತ್ತರ: ಎರಡೂ ಬೇರೆ ಬೇರೆ ಚೆಕಿಂಗ್, ಒಂದಕ್ಕೂ ಇನ್ನೊಂದಕ್ಕೂ ಸಂಬಂಧ ಇಲ್ಲ. ಹತ್ತೋ ಕಡೆ ಸೆಕ್ಯೂರಿಟಿಯೋರು ನೋಡೋದು ವಿಮಾನಕ್ಕೆ ಅಪಾಯ ಇದೆಯಾ ಅಂತ ಮಾತ್ರ. 2006ರ ಆಗಸ್ಟಲ್ಲಿ ಬ್ರಿಟನ್‌ನಲ್ಲಿ ದ್ರವ ರೂಪದ ಸ್ಫೋಟಕ ಬಳಸಿ ವಿಮಾನಗಳನ್ನ ಉಡಾಯಿಸೋ ಸಂಚು ಬಯಲಾದ ಮೇಲೆ ಹ್ಯಾಂಡ್‌ಬ್ಯಾಗಲ್ಲಿ 100 ಎಂಎಲ್‌ಗಿಂತ ದೊಡ್ಡ ಡಬ್ಬಿಲಿ ದ್ರವ ಪದಾರ್ಥ ಬೇಡ ಅನ್ನೋ ನಿಯಮ ಬಂತು, ಜಾಮ್, ಜೇನುತುಪ್ಪ, ಮೊಸರು ಎಲ್ಲ ಅದರಲ್ಲೇ ಲೆಕ್ಕಕ್ಕೆ ಬರತ್ತೆ, ಈಗ ಹೊಸ ಸ್ಕ್ಯಾನರ್ ಹಾಕಿರೋ ಕೆಲವು ಏರ್‌ಪೋರ್ಟಲ್ಲಿ ಸಡಿಲ ಮಾಡಿದ್ದಾರೆ. ಇಳಿಯೋ ಕಡೆ ನೋಡೋದು ಬೇರೇನೇ, ಇದರಿಂದ ನಮ್ಮ ದೇಶದ ಬೆಳೆಗೆ, ದನಕರುಗೆ ರೋಗ ಬರತ್ತಾ ಅಂತ. ಒಂದು ದೊಡ್ಡ ಮಾಂಸದ ತುಂಡು ವಿಮಾನಕ್ಕೆ ಯಾವ ಅಪಾಯನೂ ಮಾಡಲ್ಲ, ಆರಾಮಾಗಿ ಒಳಗೆ ಬಿಡ್ತಾರೆ, ಇಳಿದ ಕಡೆ ಅದೇ ದೊಡ್ಡ ಅಪರಾಧ ಆಗಬಹುದು.

2023ರಲ್ಲಿ ಆಸ್ಟ್ರೇಲಿಯಾದ ಒಬ್ಬ ಹಿರಿಯ ಮಹಿಳೆ ಏರ್‌ಪೋರ್ಟಲ್ಲೇ ತಗೊಂಡ ಚಿಕನ್ ಸ್ಯಾಂಡ್‌ವಿಚ್ ಬ್ಯಾಗಲ್ಲಿರೋದನ್ನೇ ಮರೆತು ನ್ಯೂಜಿಲೆಂಡಿಗೆ ಹೋದ್ರು, 3,300 ನ್ಯೂಜಿಲೆಂಡ್ ಡಾಲರ್ ದಂಡ ಹಾಕಿದ್ರು. ಸೀಲ್ ಆಗಿದೆ, ಬಿಲ್ ಇದೆ ಅನ್ನೋದು ಅಲ್ಲಿ ಲೆಕ್ಕಕ್ಕೆ ಬರಲಿಲ್ಲ. ಡ್ಯೂಟಿ ಫ್ರೀ ಅಂದ್ರೂ ಅಷ್ಟೇ, ಸುಂಕ ಇಲ್ಲ ಅಂತ ಮಾತ್ರ, ಯಾವ ದೇಶಕ್ಕೆ ಬೇಕಾದ್ರೂ ತಗೊಂಡು ಹೋಗಬಹುದು ಅಂತ ಅಲ್ಲ.

ಪ್ರಶ್ನೆ: ನಮ್ಮ ಭಾವ ತುಂಬಾ ಸಲ ವಿದೇಶಕ್ಕೆ ಹೋಗಿ ಬಂದೋರು. ಇಳಿಯೋ ದೇಶದಲ್ಲಿ ತುಂಬಿ ಕೊಡೋ ಫಾರ್ಮಲ್ಲಿ ತಿನ್ನೋ ಪದಾರ್ಥ ಇದೆಯಾ ಅಂತ ಕೇಳಿದ್ರೆ ಸುಮ್ನೆ "ಇಲ್ಲ" ಅಂತ ಟಿಕ್ ಮಾಡು, "ಇದೆ" ಅಂದ್ರೆ ಗಂಟೆಗಟ್ಲೆ ನಿಲ್ಲಿಸ್ತಾರೆ, ಎಲ್ಲಾ ಬಿಸಾಕ್ತಾರೆ ಅಂತಾರೆ. ನಿಜಾನಾ?

ಉತ್ತರ: ದಯವಿಟ್ಟು ಈ ಒಂದು ವಿಷಯದಲ್ಲಿ ಭಾವನ ಮಾತು ಕೇಳಬೇಡಿ. ಇವತ್ತಿನ ಅಂಕಣದಲ್ಲಿ ಒಂದೇ ಒಂದು ಉತ್ತರ ಓದೋಕೆ ಟೈಮ್ ಇರೋದು ಅಂದ್ರೆ ಇದನ್ನ ಓದಿ ಸಾಕು.

ದಂಡ ಬೀಳೋದು ಹೆಚ್ಚಿನ ಸಲ ತಂದಿದ್ದಕ್ಕಲ್ಲ, ತಂದಿದ್ದನ್ನ ಹೇಳದೆ ಇದ್ದಿದ್ದಕ್ಕೆ. ಇದು ಜನಕ್ಕೆ ಯಾಕೋ ತಲೆಗೆ ಹೋಗ್ತಾನೇ ಇಲ್ಲ. "ಇದೆ" ಅಂತ ಟಿಕ್ ಮಾಡಿದ್ರೆ ಆಫೀಸರ್ ಏನಿದೆ ಅಂತ ಕೇಳ್ತಾರೆ, ಬೇಕಾದ್ರೆ ತೆಗೆದು ನೋಡ್ತಾರೆ, ಬಿಡೋ ಹಾಗಿದ್ರೆ ವಾಪಸ್ ಕೊಡ್ತಾರೆ, ಬಿಡೋ ಹಾಗಿಲ್ಲ ಅಂದ್ರೆ ತೆಗೆದು ಇಟ್ಕೋತಾರೆ, ನೀವು ಹೊರಗೆ. ಪೂರ್ತಿಯಾಗಿ, ನಿಜವಾಗಿ ಹೇಳಿದ್ರೆ ಸಾಮಾನ್ಯವಾಗಿ ಆಗೋದು ಇಷ್ಟೇ, ಕೆಲವೊಂದು ಸಲ ಡಿಕ್ಲೇರ್ ಮಾಡಿದೋರು ಬೇರೆ ಲೈನಲ್ಲಿ ಬೇಗ ಹೊರಗೆ ಬರೋದೂ ಉಂಟು. ನಿಮಗೆ ನಷ್ಟ ಆಗೋದು ಅಂದ್ರೆ ಒಂದು ಪೊಟ್ಟಣ. "ಇಲ್ಲ" ಅಂತ ಬರೆದು ಸಿಕ್ಕಿ ಬಿದ್ರೆ ಅದು ಸುಳ್ಳು ಹೇಳಿಕೆ ಆಗತ್ತೆ, ನೀವು ಸಹಿ ಹಾಕಿ ಕೊಟ್ಟ ಸುಳ್ಳು. ನ್ಯೂಜಿಲೆಂಡಲ್ಲಿ ಸ್ಥಳದಲ್ಲೇ 400 ನ್ಯೂಜಿಲೆಂಡ್ ಡಾಲರ್ ದಂಡ. ಅಮೆರಿಕದಲ್ಲಿ ಸ್ವಂತಕ್ಕೆ ತಂದಿದ್ದು ಅಂದ್ರೂ ಮೊದಲನೇ ಸಲಕ್ಕೇ 300ರಿಂದ 1,000 ಡಾಲರ್ ತನಕ ಹೋಗಬಹುದು. 2022ರಲ್ಲಿ ಬಾಲಿಯಿಂದ ಆಸ್ಟ್ರೇಲಿಯಾದ ಡಾರ್ವಿನ್‌ಗೆ ಬಂದ ಪ್ರಯಾಣಿಕರೊಬ್ಬರ ಬ್ಯಾಗಲ್ಲಿ ಮೊಟ್ಟೆ ಮತ್ತೆ ದನದ ಮಾಂಸದ ಎರಡು ಮಫಿನ್, ಹಂದಿ ಮಾಂಸ ಇಟ್ಟ ಒಂದು ಕ್ರೊಯ್ಸಾಂಟ್ ಬನ್ ಇದ್ವು, ಹೇಳಿರ್ಲಿಲ್ಲ, ನಾಯಿ ಮೂಸಿ ಹಿಡೀತು, 2,664 ಆಸ್ಟ್ರೇಲಿಯನ್ ಡಾಲರ್ ಕಟ್ಟಬೇಕಾಯ್ತು. ಆಗ ಇಂಡೊನೇಷ್ಯಾದಲ್ಲಿ ಕಾಲುಬಾಯಿ ರೋಗ ಹಬ್ಬಿತ್ತು, ಹಾಗಾಗಿ ಅವರು ತುಂಬಾ ಬಿಗಿಯಾಗಿದ್ರು. ದೊಡ್ಡವರು ಚಿಕ್ಕವರು ಅನ್ನೋದೂ ಇಲ್ಲ, ಆಸ್ಕರ್ ಗೆದ್ದ ನಟಿ ಹಿಲರಿ ಸ್ವ್ಯಾಂಕ್‌ಗೂ 2005ರಲ್ಲಿ ಆಕ್ಲೆಂಡ್ ಏರ್‌ಪೋರ್ಟಲ್ಲಿ ಒಂದು ಸೇಬು ಒಂದು ಕಿತ್ತಳೆಗೆ 200 ನ್ಯೂಜಿಲೆಂಡ್ ಡಾಲರ್ ದಂಡ ಹಾಕಿದ್ರು.

ಇನ್ನು ಸಿಕ್ಕಿ ಬೀಳಲ್ಲ ಅನ್ನೋ ಧೈರ್ಯ. ಅಮೆರಿಕದಲ್ಲಿ ಬ್ಯಾಗ್ ಮೂಸಿ ತಿನ್ನೋ ಪದಾರ್ಥ ಹಿಡಿಯೋ ಕೆಲಸಕ್ಕೆ ಬೀಗಲ್ ಜಾತಿಯ ನಾಯಿಗಳನ್ನ ಇಟ್ಕೊಂಡಿದ್ದು 1984ರಲ್ಲಿ, ಲಾಸ್ ಏಂಜಲೀಸ್ ಏರ್‌ಪೋರ್ಟಲ್ಲಿ. ಈಗ ಎಷ್ಟೋ ದೇಶಗಳಲ್ಲಿ ನಾಯಿಗಳಿವೆ, ಜೊತೆಗೆ ಎಕ್ಸ್‌ರೇ. ಮೂರು ಕವರ್ ಸುತ್ತಿ ಬಟ್ಟೆ ಮಧ್ಯ ಇಟ್ರೆ ನಾಯಿಗೆ ಗೊತ್ತಾಗಲ್ಲ ಅಂದ್ಕೋಬೇಡಿ, ಮೇಲಾಗಿ ಬಚ್ಚಿಟ್ಟಿದ್ದು ಅಂತ ಕಂಡ್ರೆ ಆಫೀಸರ್‌ಗೆ ನಿಮ್ಮ ಮೇಲೆ ಅನುಮಾನ ಇನ್ನೂ ಜಾಸ್ತಿ ಆಗತ್ತೆ.

ಯಾವುದಕ್ಕೆ "ಇದೆ" ಅನ್ನಬೇಕು ಅಂತ ಡೌಟ್ ಬಂದ್ರೆ, ಡೌಟ್ ಬಂದಿದ್ದಕ್ಕೆಲ್ಲ "ಇದೆ" ಅನ್ನಿ. ಬಿಸ್ಕೆಟ್ ಪ್ಯಾಕೆಟ್, ಚಾಕ್ಲೇಟ್, ಅರ್ಧ ತಿಂದ ಬನ್, ಟೀ ಪುಡಿ, ಒಣ ಬೀಜ, ಎಲ್ಲಾ. ಬಿಡ್ತಾರೋ ಇಲ್ವೋ ಅನ್ನೋದನ್ನ ತೀರ್ಮಾನ ಮಾಡೋದು ಅವ್ರ ಕೆಲಸ, ನಾವು ನಾವೇ "ಇದೇನು ದೊಡ್ಡ ವಿಷಯ" ಅಂತ ತೀರ್ಮಾನ ಮಾಡೋದೇ ಎಡವಟ್ಟಿಗೆ ದಾರಿ. ಕೊನೇ ಕ್ಷಣದಲ್ಲಿ ನೆನಪಾದ್ರೆ ಕೆಲವು ಏರ್‌ಪೋರ್ಟಲ್ಲಿ ಕೌಂಟರ್‌ಗೆ ಮುಂಚೆ ದೊಡ್ಡ ಡಬ್ಬ ಇಟ್ಟಿರ್ತಾರೆ, ಅದ್ರಲ್ಲಿ ಹಾಕಿದ್ರೆ ಯಾರೂ ಏನೂ ಕೇಳಲ್ಲ.

ಪ್ರಶ್ನೆ: ಬ್ಯಾಗ್ ಪ್ಯಾಕ್ ಮಾಡಿದ್ದು ಅತ್ತೆ. ಒಳಗೆ ಏನೇನು ಇಟ್ಟಿದ್ರು ಅಂತ ನನಗೆ ಗೊತ್ತೇ ಇರ್ಲಿಲ್ಲ. ಗೊತ್ತಿಲ್ದೆ ಆಗಿದ್ದಕ್ಕೂ ನಾನೇ ಹೊಣೆನಾ?

ಉತ್ತರ: ಹೌದಮ್ಮ, ನೀವೇ. ಪ್ರೀತಿಯಿಂದ ಇಟ್ಟಿರ್ತಾರೆ, ಬೇಡ ಅನ್ನೋಕೆ ಮನಸ್ಸು ಬರಲ್ಲ, ಆದ್ರೆ ಬ್ಯಾಗಿನ ಟ್ಯಾಗ್ ಯಾರ ಹೆಸರಲ್ಲಿದೆಯೋ ಅವರನ್ನೇ ಕೇಳೋದು. ಮುಚ್ಚೋ ಮುಂಚೆ ಅವರ ಜೊತೆ ಕೂತು ಒಂದೊಂದೇ ಏನಿದೆ ಅಂತ ಕೇಳಿ ಫೋನಲ್ಲಿ ಬರೆದಿಟ್ಕೊಳ್ಳಿ, ಅಲ್ಲಿ ಫಾರ್ಮ್ ತುಂಬೋವಾಗ ಅದೇ ಲಿಸ್ಟ್ ಉಪಯೋಗಕ್ಕೆ ಬರತ್ತೆ. ಮಕ್ಕಳ ಸ್ಕೂಲ್ ಬ್ಯಾಗ್‌ಗಳನ್ನೂ ನೋಡಿ, ಹಳೇ ಹಣ್ಣು, ಅರ್ಧ ತಿಂದ ಡಬ್ಬಿ ಅಲ್ಲೇ ಇರೋದು ಜಾಸ್ತಿ, ಅದಕ್ಕೂ ಅಪ್ಪ ಅಮ್ಮನೇ ಉತ್ತರ ಕೊಡಬೇಕು. ಬೇರೆಯವರು "ಅಲ್ಲಿ ನಮ್ಮ ಹುಡುಗನಿಗೆ ಕೊಟ್ಬಿಡಿ" ಅಂತ ಕಟ್ಟಿ ತಂದು ಕೊಟ್ಟ ಪಾರ್ಸಲ್ ಬಗ್ಗೆ ಮಾತ್ರ ನಾನು ಖಡಾಖಂಡಿತವಾಗಿ ಹೇಳ್ತೀನಿ, ಬಿಚ್ಚಿ ನೋಡದೆ ತಗೋಬೇಡಿ, ಬಿಚ್ಚೋಕೆ ಬಿಡಲ್ಲ ಅಂದ್ರೆ ಬೇಜಾರಾದ್ರೂ ಪರವಾಗಿಲ್ಲ ಆಗಲ್ಲ ಅನ್ನಿ.

ಪ್ರಶ್ನೆ: ಒಂದೊಂದು ದೇಶದಲ್ಲಿ ಒಂದೊಂದು ರೂಲ್ಸ್ ಯಾಕೆ? ಬೇಯಿಸಿದ ಮಾಂಸ, ಹಾಲಿನ ಪದಾರ್ಥ, ಕೊನೆಗೆ ಅಕ್ಕಿ ಕೂಡ ಬೇಡ ಅಂದ್ರೆ ಏನರ್ಥ?

ಉತ್ತರ: ಒಂದು ದೇಶದಲ್ಲಿ ಯಾವ ರೋಗ, ಯಾವ ಹುಳ ಇನ್ನೂ ಬಂದಿಲ್ವೋ ಅದನ್ನ ಬರದ ಹಾಗೆ ತಡೆಯೋದೇ ಆ ದೇಶದ ರೂಲ್ಸು, ಅದಕ್ಕೇ ಎಲ್ಲಾ ಕಡೆ ಒಂದೇ ಥರ ಇರಲ್ಲ. ಬ್ರಿಟನ್‌ನಲ್ಲಿ 2001ರಲ್ಲಿ ಕಾಲುಬಾಯಿ ರೋಗ ಬಂದಾಗ 60 ಲಕ್ಷಕ್ಕೂ ಹೆಚ್ಚು ದನ, ಕುರಿ, ಹಂದಿಗಳನ್ನ ಕೊಲ್ಲಬೇಕಾಯ್ತು. ಸರಿಯಾಗಿ ಕುದಿಸದೆ ಹಂದಿಗೆ ಹಾಕಿದ ಹೋಟೆಲ್ ಮುಸುರೆಯಿಂದ ಶುರುವಾಯ್ತು, ಅದ್ರಲ್ಲಿ ಕದ್ದು ತಂದ ಮಾಂಸ ಇದ್ದಿರಬಹುದು ಅನ್ನೋದು ಬಲವಾದ ಅನುಮಾನ. ಅದೇ ಬ್ರಿಟನ್ 2025ರ ಏಪ್ರಿಲ್‌ನಲ್ಲಿ ಯುರೋಪಲ್ಲಿ ಮತ್ತೆ ರೋಗ ಕಂಡ ಮೇಲೆ ಅಲ್ಲಿಂದ ಪ್ರಯಾಣಿಕರು ಮಾಂಸ, ಹಾಲು, ಚೀಸ್ ತರೋದನ್ನೇ ನಿಲ್ಲಿಸ್ತು, ಸ್ಯಾಂಡ್‌ವಿಚ್ ಒಳಗಿದ್ರೂ ಇಲ್ಲ. ಆಫ್ರಿಕನ್ ಹಂದಿ ಜ್ವರದ ವೈರಸ್ ಉಪ್ಪು ಹಾಕಿ ಒಣಗಿಸಿದ ಮಾಂಸದಲ್ಲೂ, ಫ್ರೀಜ್ ಮಾಡಿದ್ರಲ್ಲೂ ತಿಂಗಳುಗಟ್ಲೆ ಬದುಕಿರತ್ತೆ, 2018ರಲ್ಲಿ ಅದು ಚೀನಾಕ್ಕೆ ಬಂದ ಮೇಲೆ ತೈವಾನ್, ರೋಗ ಇರೋ ಕಡೆಯಿಂದ ಹಂದಿ ಮಾಂಸ ತಂದ್ರೆ ಮೊದಲ ಸಲಕ್ಕೇ 2 ಲಕ್ಷ ತೈವಾನ್ ಡಾಲರ್ ದಂಡ ಅಂತ ಮಾಡ್ತು.

ಅಕ್ಕಿ ವಿಷಯಕ್ಕೆ ಬಂದ್ರೆ ಅಲ್ಲಿ ತೊಂದರೆ ಖಾಪ್ರಾ ಅನ್ನೋ ಸಣ್ಣ ದುಂಬಿ, ಅದರ ಮರಿ ಆಹಾರ ಇಲ್ದೇನೂ ವರ್ಷಗಟ್ಲೆ ಬದುಕಿರತ್ತೆ, ಗೋಡೌನ್ ಸೇರಿದ್ರೆ ಓಡಿಸೋದು ಬಹಳ ಕಷ್ಟ. ಆ ದುಂಬಿ ಇರೋ ದೇಶಗಳಿಂದ ಬ್ಯಾಗಲ್ಲಿ ಅಕ್ಕಿ ತರೋದನ್ನ ಅಮೆರಿಕ 2011ರಲ್ಲೇ ನಿಲ್ಲಿಸಿದೆ, ಆಸ್ಟ್ರೇಲಿಯಾನೂ ಅಕ್ಕಿ, ಕಡಲೆ ಅಂಥದ್ದಕ್ಕೆಲ್ಲ ತಡೆ ಹಾಕಿದೆ.

ಇದೆಲ್ಲ ಕಾರಣ ಇರೋ ನಿಯಮಗಳೇ, ನಾನು ಒಪ್ತೀನಿ. ಆದ್ರೆ ಜನಕ್ಕೆ ತಿಳಿಸೋ ರೀತಿ ಸರಿ ಇಲ್ಲ. ಯುರೋಪಿಯನ್ ಯೂನಿಯನ್‌ಗೆ ಹೊರಗಿಂದ ಬರೋ ಹಣ್ಣಿಗೆಲ್ಲ ಸಸ್ಯ ಆರೋಗ್ಯ ಪ್ರಮಾಣಪತ್ರ, ಅಂದ್ರೆ ರೋಗ ಹುಳ ಇಲ್ಲ ಅಂತ ಹೊರಡೋ ದೇಶದ ಸರ್ಕಾರ ಕೊಡೋ ಪತ್ರ ಬೇಕು, ಅನಾನಸ್, ತೆಂಗಿನಕಾಯಿ, ಬಾಳೆಹಣ್ಣು, ಖರ್ಜೂರ, ಡೂರಿಯನ್ ಈ ಐದಕ್ಕೆ ಮಾತ್ರ ಬೇಡ. ಮೀನು 20 ಕಿಲೋ ತನಕ ಬಿಡ್ತಾರೆ, ಜೇನುತುಪ್ಪ 2 ಕಿಲೋ, ಮಾಂಸ ಹಾಲು ಪೂರ್ತಿ ನಿಷೇಧ. ಇದನ್ನ ಮಾಮೂಲಿ ಪ್ರಯಾಣಿಕ ಊಹೆ ಮಾಡೋಕೆ ಆಗತ್ತಾ? ಟಿಕೆಟ್ ಬುಕ್ ಮಾಡಿದಾಗ ಸೀಟು, ಇನ್ಶೂರೆನ್ಸ್ ಅಂತ ಹತ್ತು ಮೆಸೇಜ್ ಕಳಿಸ್ತಾರೆ, ಅದರ ಜೊತೆ ಹೋಗೋ ದೇಶಕ್ಕೆ ಏನು ತರಬಾರದು ಅನ್ನೋ ಅರ್ಧ ಪುಟ ಅವರವರ ಭಾಷೆಲಿ ಕಳಿಸಿದ್ರೆ ಎಷ್ಟೋ ಜನ ಉಳ್ಕೋತಾರೆ. ಅಲ್ಲೀ ತನಕ ನಾವು ಮಾಡಬಹುದಾದದ್ದು, ಹೊರಡೋ ವಾರದಲ್ಲಿ ಆ ದೇಶದ ಸರ್ಕಾರದ ವೆಬ್‌ಸೈಟೇ ನೋಡೋದು, ಯಾಕಂದ್ರೆ ಎಲ್ಲೋ ರೋಗ ಕಾಣಿಸ್ಕೊಂಡ್ರೆ ರೂಲ್ಸ್ ರಾತ್ರೋರಾತ್ರಿ ಬದಲಾಗತ್ತೆ, ಹೋದ ವರ್ಷ ಬಿಟ್ಟಿದ್ರು ಅನ್ನೋದು ಉಪಯೋಗಕ್ಕೆ ಬರಲ್ಲ.

ಪ್ರಶ್ನೆ: ಗಸಗಸೆ ತಗೊಂಡು ಹೋದ್ರೆ ಜೈಲಿಗೆ ಹಾಕ್ತಾರೆ ಅನ್ನೋದು ನಿಜಾನಾ?

ಉತ್ತರ: ಯುಎಇ, ಸಿಂಗಾಪುರದಂಥ ದೇಶಗಳಲ್ಲಿ ಗಸಗಸೆ ಮಾದಕ ವಸ್ತುವಿನ ಕಾನೂನಿಗೆ ಬರತ್ತೆ, ಯಾಕಂದ್ರೆ ಅದು ಅಫೀಮಿನ ಗಿಡದ್ದೇ ಬೀಜ. ಇಲ್ಲಿ ಡಿಕ್ಲೇರ್ ಮಾಡಿದ್ರಾಯ್ತು ಅನ್ನೋ ಮಾತಿಲ್ಲ. ಒಂದು ಚಮಚನೂ ಬೇಡ, ಮಸಾಲೆ ಪುಡಿಲಿ ಸೇರಿದ್ರೂ ಬೇಡ.

ಪ್ರಶ್ನೆ: ಮಧ್ಯದಲ್ಲಿ ಇನ್ನೊಂದು ದೇಶದಲ್ಲಿ ಫ್ಲೈಟ್ ಬದಲಾಯಿಸ್ಬೇಕು. ಅಲ್ಲಿನ ನಿಯಮನೂ ನೋಡಬೇಕಾ?

ಉತ್ತರ: ಏರ್‌ಪೋರ್ಟಿಂದ ಹೊರಗೆ ಹೋಗದೆ, ಲಗೇಜ್ ನೇರ ಕೊನೇ ಊರಿಗೆ ಹೋಗ್ತಿದ್ರೆ ಸಾಮಾನ್ಯವಾಗಿ ಬೇಕಾಗಲ್ಲ, ಸೆಕ್ಯೂರಿಟಿಯ ಲಿಕ್ವಿಡ್ ನಿಯಮ ಮಾತ್ರ ಮತ್ತೆ ಬರಬಹುದು. ಅಮೆರಿಕ ಇದಕ್ಕೆ ಹೊರತು, ಅಲ್ಲಿ ಮೊದಲು ಎಲ್ಲಿ ಇಳೀತೀರೋ ಅಲ್ಲೇ ಕಸ್ಟಮ್ಸ್, ಮುಂದೆ ಬೇರೆ ದೇಶಕ್ಕೆ ಹೋಗೋರಾದ್ರೂ ಸರಿ. ಇನ್ನೊಂದು ಗೊತ್ತಿರಲಿ, ಒಂದೇ ದೇಶದ ಒಳಗೂ ತಡೆ ಇರತ್ತೆ, ಹವಾಯಿಯಿಂದ ಅಮೆರಿಕದ ಮುಖ್ಯ ಭೂಭಾಗಕ್ಕೆ ಹೊರಟ್ರೆ ಹಣ್ಣಿಗೆ ತಪಾಸಣೆ ಇದೆ, ವೆಸ್ಟರ್ನ್ ಆಸ್ಟ್ರೇಲಿಯಾಕ್ಕೆ ಬೇರೆ ರಾಜ್ಯದಿಂದ ಜೇನುತುಪ್ಪ ಕೂಡ ತರೋ ಹಾಗಿಲ್ಲ.

ಪ್ರಶ್ನೆ: ದಂಡ ಹಾಕಿದ್ದೇ ತಪ್ಪು ಅನ್ಸಿದ್ರೆ ಏನು ಮಾಡೋದು?

ಉತ್ತರ: ಕೌಂಟರಲ್ಲಿ ಜಗಳಕ್ಕೆ ಇಳೀಬೇಡಿ. ಕೊಟ್ಟ ನೋಟಿಸ್ ಪೂರ್ತಿ ಓದಿ, ಆಕ್ಷೇಪಣೆ ಎಲ್ಲಿಗೆ, ಎಷ್ಟು ದಿನದ ಒಳಗೆ ಸಲ್ಲಿಸ್ಬೇಕು ಅಂತ ಸಾಮಾನ್ಯವಾಗಿ ಅದರಲ್ಲೇ ಬರೆದಿರತ್ತೆ. ಭಾಷೆ ಅರ್ಥ ಆಗದೆ ತಪ್ಪು ಟಿಕ್ ಮಾಡಿದ್ರೆ ಅಲ್ಲೇ ಇಂಟರ್‌ಪ್ರಿಟರ್ ಬೇಕು ಅಂತ ಕೇಳಿ, ಕೇಳಿದ್ದು ದಾಖಲಾಗಲಿ. ನೋಟಿಸ್, ತುಂಬಿದ ಫಾರ್ಮಿನ ಕಾಪಿ, ಪದಾರ್ಥದ ಪ್ಯಾಕೆಟ್ಟಿನ ವಿವರ, ಬಿಲ್ ಇವೆಲ್ಲ ಇಟ್ಕೊಂಡು ಮನೆಗೆ ಬಂದ ಮೇಲೆ ಸಮಾಧಾನವಾಗಿ ಬರೀರಿ. ಪರಿಶೀಲನೆ ಜಾಗಕ್ಕೆ ಬಂದ ಮೇಲೆ ಅವಸರದಲ್ಲಿ ತಿಂದು ಮುಗಿಸೋದು, ಟಾಯ್ಲೆಟ್‌ನಲ್ಲಿ ಬಿಸಾಕೋದು ಮಾತ್ರ ಮಾಡಬೇಡಿ, ಕ್ಯಾಮೆರಾದಲ್ಲಿ ಅದು ಬಚ್ಚಿಟ್ಟ ಹಾಗೇ ಕಾಣೋದು, ಆಮೇಲೆ ನಿಮ್ಮ ಆಕ್ಷೇಪಣೆಗೆ ಬೆಲೆ ಉಳಿಯಲ್ಲ.