ಎರಡನೇ ಫ್ರೀಜರ್ ತಂದರೆ ದುಡ್ಡು ಉಳಿಯುತ್ತಾ?

ಓದುಗರ ಪತ್ರ: ನಮ್ಮದು ಬಸವೇಶ್ವರನಗರ. ಮನೆಯಲ್ಲಿ ಐದು ಜನ. ನನ್ನ ತವರು ಮಾಗಡಿ ಕಡೆ, ಯಜಮಾನರದು ಕುಂದಾಪುರ. ಜನವರಿ ಬಂತೆಂದರೆ ಅಮ್ಮ ಮೂಟೆ ಅವರೆಕಾಯಿ ಕಳಿಸುತ್ತಾರೆ. ಅತ್ತೆಗೂ ಇವರಿಗೂ ಮೀನಿಲ್ಲದೆ ಊಟ ಇಳಿಯಲ್ಲ. ಇರುವ ಫ್ರಿಜ್ಜಿನ ಫ್ರೀಜರ್ ಸಾಲುತ್ತಿಲ್ಲ. 150 ಲೀಟರಿನ ಡೀಪ್ ಫ್ರೀಜರ್‌ಗೆ ಅಂಗಡಿಯಲ್ಲಿ 19,000 ಹೇಳಿದರು. "ದಿನಸಿ ಖರ್ಚಲ್ಲೇ ಒಂದು ವರ್ಷಕ್ಕೆ ಬಂದುಬಿಡುತ್ತೆ ಮೇಡಂ" ಅಂದರು. ಮೈದುನ ಮುಚ್ಚಿದ ತನ್ನ ಐಸ್‌ಕ್ರೀಮ್ ಅಂಗಡಿಯ ಗಾಜಿನ ಮುಚ್ಚಳದ ಫ್ರೀಜರ್ 6,000ಕ್ಕೆ ಕೊಡುತ್ತೇನೆ ಅನ್ನುತ್ತಾನೆ. ತಿಂಗಳಿಗೆ 175 ಯೂನಿಟ್ ಕರೆಂಟ್ ಉರಿಯುತ್ತೆ, ಗೃಹಜ್ಯೋತಿಯಿಂದ ಬಿಲ್ ಸೊನ್ನೆ. ಕೊಳ್ಳಲಾ, ಬೇಡವಾ?
– ಒಬ್ಬ ಓದುಗರು, ಬೆಂಗಳೂರು

ಸಂಪಾದಕರ ಉತ್ತರ:

ಅಂಗಡಿಯವರ ಮಾತು ಪಕ್ಕಕ್ಕಿರಲಿ. ನೀವು ಸುಮ್ನೆ ಒಂದು ಸಾಲಿನಲ್ಲಿ ಬರೆದ ಆ 175 ಯೂನಿಟ್‌ನಲ್ಲೇ ಅರ್ಧ ಉತ್ತರ ಇದೆ.

2023ರಲ್ಲಿ ಗೃಹಜ್ಯೋತಿ ಶುರುವಾದಾಗ ಹಾಕಿದ ನಿಯಮ ನೆನಪಿದೆಯಲ್ಲ. 2022-23ರಲ್ಲಿ ನಿಮ್ಮ ಮನೆಯ ತಿಂಗಳ ಸರಾಸರಿ ಎಷ್ಟಿತ್ತೋ ಅದರ ಮೇಲೆ ಶೇ 10 ಸೇರಿಸಿ, ಅಷ್ಟರವರೆಗೆ ಉಚಿತ. ಅದನ್ನು ದಾಟಿ 200ರ ಒಳಗೇ ಇದ್ದರೆ, ದಾಟಿದ ಯೂನಿಟ್‌ಗೆ ಮಾತ್ರ ದುಡ್ಡು. 200 ದಾಟಿತೋ, ಆ ತಿಂಗಳ ಪೂರ್ತಿ ಬಿಲ್ ಕಟ್ಟಬೇಕು. ದಾಟಿದ ಐದು ಯೂನಿಟ್‌ಗಲ್ಲ, ಪೂರ್ತಿಗೆ.

ನೀವು ಹೇಳುವ ಗಾತ್ರದ ಫ್ರೀಜರ್ ದಿನಕ್ಕೆ ಒಂದು ಯೂನಿಟ್ ತಿನ್ನುತ್ತದೆ ಎಂದಿಟ್ಟುಕೊಳ್ಳೋಣ. ಒಳ್ಳೆಯ ಸ್ಟಾರ್ ಇರುವುದಾದರೆ ಕಡಿಮೆ, ಬಿಸಿಲು ಬೀಳುವ ಬಾಲ್ಕನಿಯಲ್ಲಿಟ್ಟರೆ ಜಾಸ್ತಿ. ತಿಂಗಳಿಗೆ 30. ನಿಮ್ಮ 175ಕ್ಕೆ ಸೇರಿಸಿದರೆ 205. 2025-26ರ ದರದಲ್ಲಿ ಲೆಕ್ಕ ಹಾಕಿದರೆ ಮನೆಗಳಿಗೆ ಯೂನಿಟ್‌ಗೆ 5 ರೂಪಾಯಿ 80 ಪೈಸೆ, ಜೊತೆಗೆ ಮಂಜೂರಾದ ಲೋಡಿನ ಪ್ರತಿ ಕಿಲೋವ್ಯಾಟ್‌ಗೆ 145 ರೂಪಾಯಿ ನಿಗದಿತ ಶುಲ್ಕ, ಇದರ ಮೇಲೆ ತೆರಿಗೆ, ಸರ್‌ಚಾರ್ಜ್. ಎರಡು ಕಿಲೋವ್ಯಾಟ್ ಲೋಡಿನ ಮನೆಗೆ 205 ಯೂನಿಟ್‌ನ ಬಿಲ್ ಒಂದೂವರೆ ಸಾವಿರ ದಾಟುತ್ತದೆ. ಸೊನ್ನೆ ಬರುತ್ತಿದ್ದ ಜಾಗದಲ್ಲಿ! ತಿಂಗಳು ತಿಂಗಳೂ ಹೀಗೆ ದಾಟಿದರೆ ವರ್ಷಕ್ಕೆ ಇನ್ನೊಂದು ಫ್ರೀಜರ್ ಕೊಳ್ಳುವಷ್ಟು ಹಣ ಬೆಸ್ಕಾಂಗೆ ಹೋಗುತ್ತದೆ. ಅಷ್ಟು ಹಣವನ್ನು ತರಕಾರಿ, ಮೀನಿನಲ್ಲಿ ಉಳಿಸೋಕೆ ಯಾರಿಂದಲೂ ಆಗಲ್ಲ.

ಈ ಪತ್ರಿಕೆ ಓದುವ ಎಲ್ಲರೂ 200ರ ಅಂಚಿನಲ್ಲಿ ಕೂತಿರುವುದಿಲ್ಲ. ಹಾಗಾಗಿ ಸಾಮಾನ್ಯ ಲೆಕ್ಕವನ್ನೂ ಹೇಳಿಬಿಡುತ್ತೇನೆ. 19,000ದ ಫ್ರೀಜರ್ ಹತ್ತು ವರ್ಷ ಬಾಳಿತು ಅನ್ನಿ, ವರ್ಷಕ್ಕೆ 1,900. ಕರೆಂಟು, ವರ್ಷಕ್ಕೆ 365 ಯೂನಿಟ್, ತೆರಿಗೆ ಎಲ್ಲ ಸೇರಿ ಹತ್ತಿರ ಹತ್ತಿರ 2,450. ಒಟ್ಟು 4,350. ಸ್ಟೆಬಿಲೈಜರ್, ರಿಪೇರಿ ಬಿಟ್ಟು. ಅಂದರೆ ತಿಂಗಳಿಗೆ 360 ರೂಪಾಯಿಗಿಂತ ಜಾಸ್ತಿ ಉಳಿಸಿದರೆ ಮಾತ್ರ ಲಾಭ ಅನ್ನಬಹುದು. "ಒಂದೇ ವರ್ಷಕ್ಕೆ ವಾಪಸ್" ಆಗಬೇಕಾದರೆ ತಿಂಗಳಿಗೆ 1,800ರ ಹತ್ತಿರ ಉಳಿಯಬೇಕು. ನಿಮ್ಮ ತರಕಾರಿ ಖರ್ಚೇ ಒಟ್ಟು ಎಷ್ಟು, ಸ್ವಲ್ಪ ನೋಡಿಕೊಳ್ಳಿ.

ಈಗ ಉಳಿತಾಯದ ಕಡೆ ಬರೋಣ. ಫ್ರೀಜರ್ ದುಡ್ಡು ಉಳಿಸುವುದು ಒಂದೇ ದಾರಿಯಲ್ಲಿ: ಅಗ್ಗ ಇದ್ದಾಗ ಕೊಂಡದ್ದನ್ನು ತುಟ್ಟಿಯಾದಾಗ ತಿನ್ನಬೇಕು. ಅದೂ ಎಂಥದ್ದು? ಫ್ರೀಜರ್ ಇಲ್ಲದಿದ್ದರೂ ತುಟ್ಟಿ ಬೆಲೆ ಕೊಟ್ಟು ನೀವು ಕೊಂಡೇ ಕೊಳ್ಳುತ್ತಿದ್ದ ಪದಾರ್ಥ. ಈ ಎರಡನೇ ಮಾತನ್ನು ಎಲ್ಲರೂ ಮರೆಯುತ್ತಾರೆ.

ಬಟಾಣಿ ನೋಡಿ. ಜನವರಿಯಲ್ಲಿ ಹಸಿ ಬಟಾಣಿಕಾಯಿ ಕಿಲೋ 40ಕ್ಕೆ ಸಿಕ್ಕಿತು ಎಂದುಕೊಳ್ಳಿ. ಬಿಡಿಸಿದರೆ ಸುಮಾರು ಅರ್ಧದಷ್ಟು ಕಾಳು. ಅಲ್ಲಿಗೆ ಕಾಳು ಕಿಲೋಗೆ 80–90 ಬಿತ್ತು. ಅಂಗಡಿಯ ಫ್ರೋಜನ್ ಪ್ಯಾಕೆಟ್ 170–180 ಇದ್ದರೆ ಕಿಲೋಗೆ 90 ಉಳಿತಾಯ. ತಿಂಗಳಿಗೆ ಒಂದು ಕಿಲೋದಂತೆ ಉಳಿದ ಒಂಬತ್ತು ತಿಂಗಳಿಗೆ 800 ರೂಪಾಯಿ. ಅದಕ್ಕೆ ಹದಿನೆಂಟು ಕಿಲೋ ಕಾಯಿ ಬಿಡಿಸಬೇಕು ಅನ್ನೋದೂ ನೆನಪಿರಲಿ.

ಟೊಮೆಟೊ? 2023ರ ಜುಲೈಯಲ್ಲಿ ಕಿಲೋ ನೂರು ದಾಟಿದಾಗ, ರಸ ಮಾಡಿ ಇಟ್ಟುಕೊಂಡಿದ್ದವರೇ ಜಾಣರು ಎಂದು ಎಲ್ಲರಿಗೂ ಅನಿಸಿತ್ತು. ಕೋಲಾರದ ಮಂಡಿಯಲ್ಲಿ ಬೆಲೆ ಬಿದ್ದು ರೈತರು ರಸ್ತೆಗೆ ಸುರಿಯುವ ದಿನಗಳೂ ಇವೆ. ಆದರೆ ಮುಂದಿನ ಏರಿಕೆ ಯಾವಾಗ ಅಂತ ಯಾರು ಕಂಡರು? ಅಗ್ಗ ಇದ್ದಾಗ ಎರಡು ಮೂರು ಡಬ್ಬ ಕುದಿಸಿ ಇಟ್ಟುಕೊಳ್ಳಿ, ಸಾರಿಗೆ, ಗೊಜ್ಜಿಗೆ ಆಗುತ್ತೆ. ಅದಕ್ಕೆ ಹೊಸ ಫ್ರೀಜರ್ ಬೇಕಿಲ್ಲ.

ಸೊಪ್ಪು, ಸೌತೆ, ಮೂಲಂಗಿ, ಬದನೆ, ಆಲೂಗಡ್ಡೆ, ಈರುಳ್ಳಿ, ಮೊಸರು – ಇವನ್ನು ಫ್ರೀಜರ್‌ಗೆ ಹಾಕುವ ಯೋಚನೆಯೇ ಬೇಡ. ಬೀದಿ ಕೊನೆಗೆ ತಳ್ಳುಗಾಡಿ, ಹಾಪ್‌ಕಾಮ್ಸ್ ಇರುವ ಊರು ನಮ್ಮದು. ವಾರಕ್ಕೊಮ್ಮೆ ಕಾರಿನಲ್ಲಿ ದೂರ ಹೋಗಿ ತುಂಬಿಕೊಂಡು ಬರುವವರ ಲೆಕ್ಕ ಬೇರೆ, ನಮ್ಮದು ಬೇರೆ.

ಇನ್ನು ಮೀನು. ಇಲ್ಲಿ ನಿಮ್ಮ ಯಜಮಾನರ ವಾದ ಗಟ್ಟಿಯಾಗಿರಬಹುದು, ಅಲ್ವಾ? ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಪಶ್ಚಿಮ ಕರಾವಳಿಯಲ್ಲಿ ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಕುಂದಾಪುರದಲ್ಲಿ ಮೀನು ಚಿನ್ನವಾಗುತ್ತದೆ. ಆದರೆ ಬೆಂಗಳೂರಿಗೆ ಪೂರ್ವ ಕರಾವಳಿಯಿಂದಲೂ ಮೀನು ಬರುತ್ತದೆ. ಅಲ್ಲಿನ ನಿಷೇಧ ಏಪ್ರಿಲ್ 15ರಿಂದ ಜೂನ್ 14ರವರೆಗೆ. ಎರಡೂ ಕಡೆ ಒಟ್ಟಿಗೆ ಬಂದ್ ಇರುವುದು ಜೂನ್‌ನ ಮೊದಲ ಎರಡು ವಾರ ಮಾತ್ರ. ಆಮೇಲೆ ಶಿವಾಜಿನಗರದ ರಸೆಲ್ ಮಾರ್ಕೆಟ್‌ಗೆ ಆ ಕಡೆಯ ಮೀನು ಬರತೊಡಗುತ್ತದೆ. ಕುಂದಾಪುರದ ರುಚಿ ಇಲ್ಲ ಎಂದು ನಿಮ್ಮ ಅತ್ತೆಯವರು ಮುಖ ಸಿಂಡರಿಸಬಹುದು, ಅದು ನ್ಯಾಯವೇ. ಅಲ್ಲದೆ ನಿಮ್ಮ ಮನೆಯಲ್ಲಿ ಬೇಕಾಗುವ ಬಂಗುಡೆ, ಭೂತಾಯಿ ಎಣ್ಣೆಯಂಶದ ಮೀನುಗಳು. ಫ್ರೀಜರ್‌ನಲ್ಲೂ ಎರಡು ಮೂರು ತಿಂಗಳಿಗೆ ಆ ಕೊಬ್ಬು ಕಮಟುತ್ತದೆ. ಮೇ ಕೊನೆಗೆ ಎಂಟು ಕಿಲೋ ತುಂಬಿಸಿಟ್ಟು, ಕಿಲೋಗೆ 150–200 ಉಳಿಸಿದಿರಿ ಅಂದುಕೊಂಡರೂ 1,200ರಿಂದ 1,600 ರೂಪಾಯಿ. ಬಟಾಣಿಯ 800 ಸೇರಿಸಿ. 4,350ಕ್ಕೆ ಇನ್ನೂ ದೂರ.

ಉಳಿದಿದ್ದು ಅವರೆ. ನಿಮ್ಮ ಪತ್ರ ಓದಿದಾಗಲೇ ಗೊತ್ತಾಯಿತು, ಈ ಫ್ರೀಜರ್ ಆಸೆ ಹುಟ್ಟಿದ್ದೇ ಅಲ್ಲಿಂದ. ರಾತ್ರಿ ನೆನೆಸಿದ ಕಾಳನ್ನು ಬೆಳಗ್ಗೆ ಹೆಬ್ಬೆರಳು ತೋರುಬೆರಳಿನ ನಡುವೆ ಒತ್ತಿದರೆ ಸಿಪ್ಪೆ ಕೈಯಲ್ಲಿ ಉಳಿದು ಬೇಳೆ ಪುಳಕ್ಕನೆ ಪಾತ್ರೆಗೆ ಹಾರುತ್ತದೆ. ಇಷ್ಟು ಕಷ್ಟಪಟ್ಟು ಹಿತಕಿದ ಬೇಳೆ ಆಗಸ್ಟ್‌ನ ಮಳೆಯಲ್ಲಿ ಸಾರಾಗಿ ಬಟ್ಟಲಿಗೆ ಬಂದರೆ ಯಾರಿಗೆ ಬೇಡ! ಆದರೆ ಫ್ರೀಜರ್ ಇಲ್ಲದಿದ್ದರೆ ಆಗಸ್ಟ್‌ನಲ್ಲಿ ನೀವು ದುಬಾರಿ ಬೆಲೆಗೆ ಅವರೆ ಕೊಳ್ಳುತ್ತಿದ್ದಿರಾ? ಇಲ್ಲ, ಬೇರೆ ಸಾರು ಮಾಡುತ್ತಿದ್ದಿರಿ. ಹಾಗಾದರೆ ಅದು ಉಳಿತಾಯ ಅಲ್ಲ, ಸುಖ. ಸುಖಕ್ಕೆ ದುಡ್ಡು ಹಾಕಬಾರದು ಎಂದು ನಾನು ಹೇಳುವವನಲ್ಲ. ದಿನಸಿ ಖಾತೆಯಲ್ಲಿ ಬರೆಯಬೇಡಿ, ಅಷ್ಟೇ.

ಆ ಸುಖಕ್ಕೂ 150 ಲೀಟರ್ ಬೇಕಿಲ್ಲ. ಬಿಡಿಸಿ ಹಿತಕಿದ ಮೇಲೆ ಮೂಟೆ ಎಷ್ಟು ಕುಗ್ಗುತ್ತದೆ ಅಂತ ನಿಮಗೇ ಗೊತ್ತು. ಮೊದಲು ಈಗಿರುವ ಫ್ರೀಜರ್ ಪೂರ್ತಿ ಹೊರಗೆ ತೆಗೆದು ಟೇಬಲ್ ಮೇಲೆ ಇಡಿ. ನಾನು ಕಂಡ ಮನೆಗಳಲ್ಲಿ ಸಿಗುವುದು ಇದು: ಕಳೆದ ಯುಗಾದಿಯ ಹೂರಣ, ಐಸ್‌ಕ್ರೀಮ್ ಡಬ್ಬದಲ್ಲಿ ಕರಿಬೇವು, ಯಾರೂ ಗುರುತಿಸಲಾಗದ ಎರಡು ಕವರ್, ಒಂದು ಬೆರಳು ದಪ್ಪ ಕಟ್ಟಿದ ಮಂಜು. ಇಷ್ಟು ಖಾಲಿ ಮಾಡಿದರೆ ಮೂರು ನಾಲ್ಕು ಕಿಲೋ ಬೇಳೆಗೆ ಜಾಗ ಸಿಗಬಹುದು.

ಇಡುವ ರೀತಿಯೂ ಮುಖ್ಯ. ಹಸಿ ಕಾಳನ್ನು ಹಾಗೇ ಕವರಿಗೆ ತುಂಬಿದರೆ ಕೆಲವೇ ತಿಂಗಳಲ್ಲಿ ಬಣ್ಣ ಮಂಕಾಗಿ ಹುಲ್ಲು ಹುಲ್ಲು ವಾಸನೆ ಬರುತ್ತದೆ. ಕಾಳಿನೊಳಗಿನ ಕಿಣ್ವಗಳು ಚಳಿಯಲ್ಲೂ ನಿಧಾನವಾಗಿ ಕೆಲಸ ಮಾಡುತ್ತಲೇ ಇರುತ್ತವೆ. ಮಳ್ಳುವ ನೀರಿಗೆ ಎರಡು ನಿಮಿಷ ಹಾಕಿ, ತಕ್ಷಣ ಐಸ್ ನೀರಿಗೆ ಸುರಿದರೆ ಅವು ನಿಂತುಬಿಡುತ್ತವೆ. ಆಮೇಲೆ ಹತ್ತಿ ಬಟ್ಟೆಯ ಮೇಲೆ ಹರಡಿ ತೇವ ಆರಿಸಿ. ತಟ್ಟೆಯಲ್ಲಿ ಒಂದೇ ಪದರ ಹರಡಿ ಗಟ್ಟಿಯಾಗಲು ಬಿಟ್ಟು, ನಂತರ ಒಂದು ಹೊತ್ತಿನ ಸಾರಿಗೆ ಬೇಕಾದಷ್ಟನ್ನೇ ಒಂದೊಂದು ಕವರಿಗೆ ಹಾಕಿ. ಗಾಳಿ ಒತ್ತಿ ತೆಗೆಯಿರಿ, ತಿಂಗಳು ಬರೆದು ಅಂಟಿಸಿ. ಒಟ್ಟಿಗೆ ತುಂಬಿದರೆ ಕಲ್ಲಿನಂತಾಗಿ, ಸ್ವಲ್ಪ ಬೇಕೆಂದರೂ ಪೂರ್ತಿ ಕರಗಿಸಬೇಕಾಗುತ್ತದೆ. ಕರಗಿದ್ದನ್ನು ಮತ್ತೆ ಫ್ರೀಜರ್‌ಗೆ ಇಡಬೇಡಿ.

ಮೀನಾದರೆ ತೊಳೆದು, ಒಂದು ಹೊತ್ತಿಗೆ ಆಗುವಷ್ಟು ಡಬ್ಬಕ್ಕೆ ಹಾಕಿ, ಮುಳುಗುವಷ್ಟು ನೀರು ಹಾಕಿ ಇಡಿ. ಗಾಳಿ ತಾಗದಿದ್ದರೆ ಒಣಗುವುದಿಲ್ಲ. ಡಬ್ಬದ ಬಾಯಿತನಕ ತುಂಬಬೇಡಿ, ನೀರು ಮಂಜಾದಾಗ ಉಬ್ಬುತ್ತದೆ.

ಕರೆಂಟ್ ಹೋದರೆ ಏನು ಗತಿ ಅಂತಲೂ ಕೆಲವರು ಕೇಳುತ್ತಾರೆ. ಬೆಳಗ್ಗೆ 10ರಿಂದ ಸಂಜೆ 4ರವರೆಗಿನ ಬೆಸ್ಕಾಂ ಕಡಿತಕ್ಕೆ ಹೆದರಬೇಕಿಲ್ಲ. ತುಂಬಿದ ಫ್ರೀಜರ್ ಬಾಗಿಲು ತೆಗೆಯದಿದ್ದರೆ ಸುಮಾರು 48 ಗಂಟೆ, ಅರ್ಧ ತುಂಬಿದ್ದರೆ 24 ಗಂಟೆ ತಡೆಯುತ್ತದೆ.

ಹಾಗಾದರೆ ಯಾರು ಕೊಳ್ಳಬೇಕು? ದೊಡ್ಡ ಕುಟುಂಬ, ವಾರಕ್ಕೆ ಮೂರು ನಾಲ್ಕು ದಿನ ಮಾಂಸ ಮೀನು, ಸಗಟಿನಲ್ಲಿ ಕೊಳ್ಳುವ ಅನುಕೂಲ, ಕರೆಂಟ್ ಬಿಲ್ ಹೇಗೂ ಪೂರ್ತಿ ಕಟ್ಟುತ್ತಿರುವವರು – ಇಂಥವರಿಗೆ ಗಿಟ್ಟಬಹುದು. ಮನೆಯಿಂದಲೇ ಅಡುಗೆ ಮಾಡಿ ಮಾರುವವರಿಗೆ ಖಂಡಿತ ಗಿಟ್ಟುತ್ತದೆ. ನಿಮಗೆ ನನ್ನ ಉತ್ತರ: ಈ ವರ್ಷ ಬೇಡ. ಈ ಸಲದ ಅವರೆಯನ್ನು ಇರುವ ಫ್ರೀಜರ್‌ನಲ್ಲೇ ಇಟ್ಟು ನೋಡಿ. ಮೇ ತಿಂಗಳಷ್ಟರಲ್ಲೇ ಖಾಲಿಯಾಗಿ ಇನ್ನೂ ಬೇಕಿತ್ತು ಅನ್ನಿಸಿದರೆ, ಆಗ 100 ಲೀಟರ್‌ನದು ನೋಡಿ. ವರ್ಷಕ್ಕೆ ಎಷ್ಟು ಯೂನಿಟ್ ಎಂದು ಸ್ಟಾರ್ ಲೇಬಲ್ ಮೇಲೆಯೇ ಬರೆದಿರುತ್ತದೆ. ಅದನ್ನು 12ರಿಂದ ಭಾಗಿಸಿ, ನಿಮ್ಮ 175ಕ್ಕೆ ಕೂಡಿಸಿ. ಬೇಸಿಗೆಯ ಫ್ಯಾನ್, ಕೂಲರ್ ಸೇರಿಯೂ 200ರ ಒಳಗೆ ನಿಂತರೆ ಮಾತ್ರ ಮುಂದುವರಿಯಿರಿ.

ಮೈದುನನ ಫ್ರೀಜರ್ ಮಾತ್ರ ಬೇಡವೇ ಬೇಡ. ಗಾಜಿನ ಮುಚ್ಚಳ ಇರುವುದು ಗಿರಾಕಿಗೆ ಐಸ್‌ಕ್ರೀಮ್ ಕಾಣಲಿ ಅಂತ. ಗಟ್ಟಿ ಮುಚ್ಚಳದಂತೆ ಅದು ಚಳಿ ಹಿಡಿಯುವುದಿಲ್ಲ, ಮೋಟಾರ್ ಜಾಸ್ತಿ ಓಡುತ್ತದೆ. ಹಳೆಯದಾದರೆ ಬಾಗಿಲಿನ ರಬ್ಬರೂ ಸವೆದಿರುತ್ತದೆ. 6,000ಕ್ಕೆ ಬಂದದ್ದು ಕರೆಂಟ್ ಬಿಲ್ಲಿನಲ್ಲಿ ಪೂರ್ತಿ ಬೆಲೆ ವಸೂಲಿ ಮಾಡಿಕೊಳ್ಳುತ್ತದೆ. ಇದನ್ನು ಮೈದುನನಿಗೆ ಬೇಜಾರಾಗದಂತೆ ಹೇಗೆ ಹೇಳುವುದು ಅನ್ನೋದನ್ನು ಮಾತ್ರ ನೀವೂ ನಿಮ್ಮ ಯಜಮಾನರೂ ಸೇರಿ ನೋಡಿಕೊಳ್ಳಿ.